ಎಡಗಡೆ ಹಿಂದಿನ ಹಕ್ಕಿ

ಮನುಷ್ಯನಿಗೆ ಏನಾದರೂ ಒಂದು ಹೆಮ್ಮೆ ಇರಬೇಕು. ಕೆಲವರಿಗೆ ಓದಿದ ಕಾಲೇಜಿನ ಹೆಮ್ಮೆ, ಕೆಲವರಿಗೆ ಕಾರಿನ ಹೆಮ್ಮೆ. ನಮ್ಮ ಭಾವಮೈದನಿಗೆ ಗೊಟ್ಟಿಗೆರೆಯಲ್ಲಿ ಕಟ್ಟಿಸಿದ ಮನೆಯ ಮೆಟ್ಟಿಲಿನ ಗ್ರಾನೈಟ್ ಹೆಮ್ಮೆ. ಆ ಮೆಟ್ಟಿಲಲ್ಲಿ ಜಾರಿ ಬಿದ್ದವರನ್ನೂ ಎಬ್ಬಿಸಿ ಅದರ ಹೊಳಪು ತೋರಿಸುತ್ತಾನೆ. ನನಗಿರುವುದು ಕಿವಿಯ ಹೆಮ್ಮೆ. ನೋಡುವುದಕ್ಕೆ ಅದರಲ್ಲಿ ವಿಶೇಷವೇನೂ ಇಲ್ಲ. ಎಡಗಿವಿ ಸ್ವಲ್ಪ ಮುಂದಕ್ಕೆ ಬಾಗಿದೆ, ಶಾಲೆಯಲ್ಲಿ ಮೇಷ್ಟ್ರು ಹಿಡಿದೆಳೆದ ಗುರುತು ಅಷ್ಟೆ. ಆದರೆ ಅದು ನಮ್ಮ ಮನೆತನದ ಕಿವಿ, ಅಂದರೆ ನಮ್ಮಪ್ಪನಿಂದ ಬಂದದ್ದು.

ಈಗ ಜರಗನಹಳ್ಳಿಯಲ್ಲಿ ನಮ್ಮ ಮೂರಂತಸ್ತಿನ ಮನೆ ನಿಂತಿರುವ ಜಾಗದಲ್ಲಿ ಮೊದಲು ನಮ್ಮ ಸೊಪ್ಪಿನ ತೋಟವಿತ್ತು. ಬಾವಿ ಇದ್ದದ್ದು ಈಗಿನ ಪಾರ್ಕಿಂಗ್ ಕೆಳಗೆ. ಅಪ್ಪ ಕನಕಪುರ ರಸ್ತೆಯ ಹತ್ತಿರ ಯಾರ ಜೊತೆಗೋ ಮಾತಾಡುತ್ತಾ ನಿಂತಿದ್ದರೂ ಅವನ ಒಂದು ಕಿವಿ ಪಂಪ್‌ಸೆಟ್ಟಿನ ಮೇಲೆ ಇರುತ್ತಿತ್ತು. ಮಾತಿನ ನಡುವೆ ತಟ್ಟನೆ ನಿಲ್ಲಿಸಿ, "ಮೋಟ್ರು ಗಾಳಿ ಎಳೀತಾ ಐತೆ, ಓಗಿ ಆಫ್ ಮಾಡ್ಲಾ" ಎಂದು ನನ್ನನ್ನು ಓಡಿಸುತ್ತಿದ್ದ. ನಾನು ಓಡಿ ಹೋಗಿ ನೋಡಿದರೆ ಪೈಪಿನಲ್ಲಿ ನೀರು ನಿಂತು ಹೋಗಿರುತ್ತಿತ್ತು. ಎಲ್ಲೋ ಒಮ್ಮೊಮ್ಮೆ ಅನುಮಾನ ಬಂದರೆ ತಾನೇ ಬಂದು ಪೈಪಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಒಂದು ಕ್ಷಣ ನಿಂತು ತೀರ್ಪು ಕೊಡುತ್ತಿದ್ದ. ಸುತ್ತಮುತ್ತಲ ತೋಟದವರು ತಮ್ಮ ಮೋಟಾರು ಕೆಟ್ಟರೆ ಮೆಕ್ಯಾನಿಕ್ಕಿಗಿಂತ ಮೊದಲು ಅಪ್ಪನನ್ನು ಕರೆಯುತ್ತಿದ್ದರು. ಅಂಥವನ ಒಬ್ಬನೇ ಮಗ ನಾನು. ಕಿವಿ ಬೇರೆ ಯಾರಿಗೆ ಹೋಗಲು ಸಾಧ್ಯ?

ಆ ಅಪ್ಪನಿಗೆ ಈಗ ಎಪ್ಪತ್ತೆಂಟು. ಕಿವಿ ಮಂದವಾಗಿದೆ. ಅದನ್ನು ಅವನು ಒಪ್ಪುವುದಿಲ್ಲ. ಈಗಿನ ಜನ ಬಾಯಿ ಬಿಟ್ಟು ಮಾತಾಡುವುದಿಲ್ಲ ಎನ್ನುತ್ತಾನೆ. ಕಿವಿಗೆ ಮೆಷಿನ್ ಹಾಕಿಸೋಣ ಎಂದಿದ್ದಕ್ಕೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಟಿ.ವಿ. ಸೌಂಡು ಜಾಸ್ತಿ ಮಾಡಿದರೆ ಹಿನ್ನೆಲೆಯ ತಮಟೆ ತುತ್ತೂರಿಯೇ ಜಾಸ್ತಿಯಾಗಿ ಮಾತು ಮಾತ್ರ ಅದರಡಿ ಹೂತು ಹೋಗುತ್ತಿತ್ತು. ಕೊನೆಗೆ ಒಂದು ದಿನ, "ನೀವೇ ನೋಡ್ಕಳಿ" ಎಂದು ಎದ್ದು ಹೋಗಿ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡ. ಆಮೇಲೆ ಸಂಜೆ ಹೊತ್ತು ಹಾಲಿಗೆ ಬರುವುದನ್ನೇ ಬಿಟ್ಟ. ನಾವೆಲ್ಲ ಸೋಫಾ ಮೇಲೆ, ಅವನೊಬ್ಬ ಗೇಟಿನಲ್ಲಿ. ನನಗೆ ಇದು ತುಂಬಾ ನೋವು ಕೊಟ್ಟಿತು. ಏನಾದರೂ ಮಾಡಿ ಅವನನ್ನು ಸೋಫಾಗೆ ವಾಪಸ್ ತರಬೇಕು ಅನ್ನಿಸಿತು.

ನಮ್ಮ ಎರಡನೇ ಮಹಡಿಯಲ್ಲಿ ಬಸವರಾಜ ಎಂಬ ಗದಗಿನ ಕಡೆಯ ಹುಡುಗ ಬಾಡಿಗೆಗೆ ಇದ್ದಾನೆ. ಬಿ.ಟಿ.ಎಂ.ನಲ್ಲಿ ಕೆಲಸ, ಬಹಳ ಮರ್ಯಾದಸ್ಥ. ದಾರಿ ತೋರಿಸಿದವನು ಅವನೇ. "ಸರ್, ಟಿ.ವಿ. ಸ್ಪೀಕರಿನ್ಯಾಗ ಎಲ್ಲಾ ಒಂದ ಕಡೆಯಿಂದ ಬರ್ತೈತ್ರಿ. ರಿಸೀವರ್ ಹಾಕಿದ್ರ ಮಾತೆಲ್ಲ ನಡುವಿನ ಸ್ಪೀಕರಿಗೆ ಬೇರೆ ಬರ್ತಾವ್ರಿ. ಅದನ್ನಷ್ಟ ಜೋರು ಮಾಡಬಹುದು" ಎಂದ. ನನಗೆ ಥಟ್ಟನೆ ಅರ್ಥವಾಯಿತು. ಹೆಂಡತಿ ಸುಜಾತಾಗೂ ಅಪ್ಪನಿಗೂ ನಾನೇ ವಿವರಿಸಿದೆ: ರಿಸೀವರ್ ಅಂದರೆ ಬೇರೇನಲ್ಲ, ತೋಟದಲ್ಲಿ ನೀರು ಕಟ್ಟುವ ಆಳು ಇದ್ದ ಹಾಗೆ. ಕಾಲುವೆಯಲ್ಲಿ ಬಂದ ಸದ್ದನ್ನು ಐದು ಪಾತಿಗೆ ತಿರುಗಿಸುತ್ತದೆ. ಮಾತು ಮಧ್ಯದ ಪಾತಿಗೆ, ಸಂಗೀತ ಮುಂದಿನ ಎರಡಕ್ಕೆ, ಮಳೆ ಗಾಳಿ ಹಕ್ಕಿ ಎಲ್ಲ ಹಿಂದಿನ ಎರಡಕ್ಕೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, "ಆಳು ನಿದ್ದೆ ಒಡುದ್ರೆ?" ಎಂದ. ಅವನಿಗೆ ಬೇಕಾದದ್ದು ಮಾತ್ರ ಚೆನ್ನಾಗಿ ಕೇಳಿಸುತ್ತದೆ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ.

ಇನ್ನು ಆಯ್ಕೆ. ಸುಜಾತಾ ಒಂದು ಮಿತಿ ಹೇಳಿದ್ದಳು, ಅದರೊಳಗೇ ಬರಬೇಕು. ಆ ಮಿತಿಯಲ್ಲಿ ಸಿಗುವ ರಿಸೀವರುಗಳು ನಾಲ್ಕೋ ಐದೋ. ಅಷ್ಟಕ್ಕೆ ನಾನು ಎರಡು ತಿಂಗಳು ತೆಗೆದುಕೊಂಡೆ. ಒಂದಕ್ಕೆ ವ್ಯಾಟ್ ಜಾಸ್ತಿ, ಆದರೆ ಆ ವ್ಯಾಟೆಲ್ಲ ಒಂದೇ ಸ್ಪೀಕರ್ ಓಡಿಸಿದಾಗಿನ ಲೆಕ್ಕವಂತೆ. ಇನ್ನೊಂದರಲ್ಲಿ ಹಿಂದುಗಡೆ ಸಾಲುಸಾಲಾಗಿ ತೂತುಗಳಿವೆ, ಅದರಲ್ಲಿ ಅರ್ಧಕ್ಕೆ ಸಿಕ್ಕಿಸಲು ನಮ್ಮ ಮನೆಯಲ್ಲಿ ಏನೂ ಇಲ್ಲ. ಮತ್ತೊಂದಕ್ಕೆ ಐದರ ಬದಲು ಏಳು ಸ್ಪೀಕರ್. ನಮ್ಮ ಹಾಲಿನಲ್ಲಿ ಏಳು ಸ್ಪೀಕರ್ ಇಟ್ಟರೆ ನಾವು ಕೂರಲು ಬಾಲ್ಕನಿಗೆ ಹೋಗಬೇಕು. ಇಂಟರ್ನೆಟ್ಟಿನಲ್ಲಿ ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೊಪ್ಪೆ ಎನ್ನುತ್ತಿದ್ದ. ಸಾಕಾಗಿ, ನನ್ನ ಕಿವಿ ಇರುವಾಗ ಊರವರ ಕಿವಿ ಯಾಕೆ ಎಂದು ನಾನೇ ಅಂಗಡಿಗೆ ಹೊರಟೆ.

ಜಯನಗರದ ಅಂಗಡಿಯಲ್ಲಿ ಟೈ ಕಟ್ಟಿದ ಹುಡುಗ ನನ್ನನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಬಾಂಬು ಸಿಡಿಯುವ ಸೀನು ಹಾಕಿ, "ಹೆಂಗಿದೆ ಸಾರ್? ಸಖತ್ ಅಲ್ವಾ?" ಎಂದ. ಬಾಂಬು ಯಾವ ಡಬ್ಬದಲ್ಲಿ ಸಿಡಿದರೂ ಚೆನ್ನಾಗಿಯೇ ಕೇಳಿಸುತ್ತದೆ. ನಾನು ಜೇಬಿನಿಂದ ಪೆನ್‌ಡ್ರೈವ್ ತೆಗೆದು ಕೊಟ್ಟೆ. ಅದನ್ನು ಹಾಕಿದ ಹುಡುಗ ಅರ್ಧ ನಿಮಿಷ ಕೇಳಿ, ಸ್ಪೀಕರ್ ಹತ್ತಿರ ಹೋಗಿ ಬಗ್ಗಿ ನೋಡಿ ಗಾಬರಿಯಿಂದ ನನ್ನ ಕಡೆ ತಿರುಗಿದ.

"ಸಾರ್, ಇದು ಯಾವ್ ಪಿಕ್ಚರು?"

"ಪಿಕ್ಚರ್ ಅಲ್ಲಪ್ಪ, ನಮ್ಮನೆ ಸಂಪ್ ಮೋಟ್ರು."

"ಮೋಟ್ರಾ?"

"ಹೂಂ. ಸುಮ್ನೆ ಕೇಳು. ಈಗ ನೀರು ಎತ್ತುತ್ತೆ ನೋಡು... ಹಾಂ!"

ನಾನು ಹೀಗೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಮೂರು ಕಡೆ ನಮ್ಮ ಸಂಪ್ ಮೋಟಾರನ್ನು ಕೇಳಿಸಿದೆ. ಬನಶಂಕರಿಯಲ್ಲಂತೂ ಅಂಗಡಿಯ ಮಾಲೀಕರೇ ಬಂದು ಪಕ್ಕದಲ್ಲಿ ಕೂತು, "ಬೇರಿಂಗ್ ಹೋಗಿದೆ ಸಾರ್" ಎಂದರು. ಸಂಗೀತ ಕೇಳಿ ಯಾರು ಬೇಕಾದರೂ ರಿಸೀವರ್ ಆರಿಸಬಹುದು. ಮೋಟಾರು ಗಾಳಿ ಎಳೆಯುವುದನ್ನೂ ನೀರು ಎಳೆಯುವುದನ್ನೂ ಯಾವ ಪೆಟ್ಟಿಗೆ ಬೇರೆ ಬೇರೆಯಾಗಿ ಕೇಳಿಸುತ್ತದೋ ಅದೇ ಒಳ್ಳೆಯ ಪೆಟ್ಟಿಗೆ ಎಂಬುದು ನನ್ನ ಸಿದ್ಧಾಂತ. ಇಡೀ ದಕ್ಷಿಣ ಬೆಂಗಳೂರಿನಲ್ಲಿ ಈ ರೀತಿ ಪರೀಕ್ಷಿಸಿ ರಿಸೀವರ್ ಕೊಂಡವನು ನಾನೊಬ್ಬನೇ ಎಂದು ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತೇನೆ. ಸುಜಾತಾಳ ಮಿತಿಯೊಳಗೆ, ಐದು ಸ್ಪೀಕರಿನ ಸಾಧಾರಣ ಪೆಟ್ಟಿಗೆಯೊಂದು ಪಾಸಾಯಿತು.

ಅದನ್ನು ಮನೆಗೆ ತಂದ ಮೇಲೆ ಇನ್ನೊಂದು ಕೆಲಸವಿತ್ತು. ಪೆಟ್ಟಿಗೆಯ ಜೊತೆ ಒಂದು ಪುಟ್ಟ ಮೈಕು ಕೊಟ್ಟಿರುತ್ತಾರೆ. ಅದನ್ನು ಸೋಫಾ ಮೇಲಿಟ್ಟರೆ ರಿಸೀವರ್ ಒಂದೊಂದೇ ಸ್ಪೀಕರಿನಿಂದ ಸದ್ದು ಮಾಡಿ ಕೋಣೆಯನ್ನು ಅಳೆದುಕೊಳ್ಳುತ್ತದೆ. ಆ ಮೂರು ನಿಮಿಷ ಯಾರೂ ಉಸಿರೆತ್ತಬಾರದು. ಜರಗನಹಳ್ಳಿಯಲ್ಲಿ ಮೂರು ನಿಮಿಷ ನಿಶ್ಶಬ್ದ ಹೊಂದಿಸುವುದೆಂದರೆ ಏನು ಎಂದು ಆ ಮೈಕು ಮಾಡಿದವರಿಗೆ ಗೊತ್ತಿರಲಾರದು. ಮೊದಲ ಸಲ ನಮ್ಮದೇ ಕುಕ್ಕರ್ ಕೂಗಿತು. ಎರಡನೆಯ ಸಲ ಕಸದ ಗಾಡಿ ಹಾಡುತ್ತಾ ಬಂತು. ಮೂರನೆಯ ಸಲ ನಾನು ಮನೆಮನೆಗೆ ಹೋಗಿ ಮಿಕ್ಸಿ, ಡ್ರಿಲ್ಲು, ಟ್ಯೂಷನ್ ಎಲ್ಲ ನಿಲ್ಲಿಸಿ ಬಂದೆ. ಅಪ್ಪ ಗೇಟಿನಲ್ಲಿ ಎದ್ದು ನಿಂತು, ಟೊಮ್ಯಾಟೊ ಗಾಡಿಯವನ ಮೈಕಿಗೆ ತನ್ನ ಟವೆಲ್ ಮುಚ್ಚಿ ಹಿಡಿದುಕೊಂಡ. ಬೀದಿಯೇ ಗಪ್‌ಚುಪ್. ಟಿ.ವಿ. ಪರದೆಯ ಮೇಲೆ ಐದಕ್ಕೆ ಐದೂ ಸ್ಪೀಕರ್ ಸರಿಯಿವೆ ಎಂದು ಬಂದಾಗ ನನಗೆ ಎಸ್ಸೆಸ್ಸೆಲ್ಸಿ ಪಾಸಾದಷ್ಟು ಸಂತೋಷವಾಯಿತು.

ಅದಾದ ವಾರಕ್ಕೆ ಆಯುಧಪೂಜೆ. ನಮ್ಮ ಮನೆಯಲ್ಲಿ ಅವತ್ತು ಯಾವ ಯಂತ್ರವೂ ಓಡುವ ಹಾಗಿಲ್ಲ, ಎಲ್ಲಕ್ಕೂ ರಜ, ಎಲ್ಲಕ್ಕೂ ಪೂಜೆ. ದೇವರ ಮುಂದೆ ಅಪ್ಪನ ಹಳೆಯ ಸ್ಪಾನರುಗಳು, ಮಿಕ್ಸಿ, ಸುಜಾತಾಳ ಹೊಲಿಗೆ ಮೆಷಿನ್. ಹೊಸ ಯಂತ್ರಕ್ಕೆ ಮೊದಲ ಪೂಜೆ ಇಲ್ಲದಿದ್ದರೆ ಹೇಗೆ? ನಾನೇ ವೈರು ಬಿಚ್ಚಿ ರಿಸೀವರನ್ನೂ ಐದು ಸ್ಪೀಕರುಗಳನ್ನೂ ಸಾಲಾಗಿ ಜೋಡಿಸಿದೆ. ಸುಜಾತಾ ಎಲ್ಲದಕ್ಕೂ ಅರಿಶಿನ ಕುಂಕುಮ ಇಟ್ಟು ಚೆಂಡುಹೂವಿನ ಹಾರ ಹಾಕಿದಳು. ಮಾರನೆಯ ದಿನ ಎಲ್ಲವನ್ನೂ ಹಾರದ ಸಮೇತ ಜಾಗಕ್ಕೆ ಇಟ್ಟು ವೈರು ಸಿಕ್ಕಿಸುತ್ತಿದ್ದಾಗ ಒಳಗಿನಿಂದ ಒಬ್ಬಟ್ಟು ಬಿಸಿಯಾಗಿದೆ ಎಂದು ಕರೆ ಬಂತು. ಹೋದೆ, ತಿಂದೆ, ಬಂದು ಟಿ.ವಿ. ಹಾಕಿದೆ. ಸಖತ್ತಾಗಿ ಕೇಳಿಸಿತು.

ಅಲ್ಲಿಂದ ಮೂರು ವಾರ ನಮ್ಮ ಮನೆಯಲ್ಲಿ ಪ್ರದರ್ಶನವೋ ಪ್ರದರ್ಶನ. ಕಾಡಿನ ಒಂದು ಸಾಕ್ಷ್ಯಚಿತ್ರ ಆರಿಸಿಟ್ಟುಕೊಂಡಿದ್ದೆ. ಅದರಲ್ಲಿ ಜಲಪಾತ ಬರುವ ಮುಂಚೆ ಎಡಗಡೆ ಹಿಂದಿನಿಂದ ಒಂದು ಹಕ್ಕಿ ಕೂಗುತ್ತದೆ. ಬಂದವರನ್ನು ಸೋಫಾದಲ್ಲಿ ಕೂರಿಸಿ, ಹಕ್ಕಿ ಕೂಗುವ ಸರಿಯಾದ ಹೊತ್ತಿಗೆ ಬೆರಳೆತ್ತಿ, "ಕೇಳಿಸ್ತಾ? ಎಡಗಡೆ, ಹಿಂದೆ!" ಎನ್ನುತ್ತಿದ್ದೆ. ಎಲ್ಲರಿಗೂ ಕೇಳಿಸುತ್ತಿತ್ತು. ಎದುರುಮನೆಯ ಆಂಟಿ ಹಿಂದಕ್ಕೆ ತಿರುಗಿಯೇ ನೋಡಿದರು. ನನ್ನ ಆಫೀಸಿನ ಗೆಳೆಯ, "ಗುರು, ಹಕ್ಕಿ ಭುಜದ ಮೇಲೇ ಕೂತಂಗಾಯ್ತು" ಎಂದ. ಬಸವರಾಜನನ್ನು ಕರೆದಾಗ ಅವನು ಆ ಕಡೆ ತಿರುಗಿ ಬಹಳ ಹೊತ್ತು ನೋಡಿ, "ನಿಮ್ಮ ಕಿವಿ ಮುಂದ ನಮ್ಮದೇನ್ರಿ ಸರ್" ಎಂದ. ಅದನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡೆ. ಆದರೆ ಯಾರಿಗಾಗಿ ಇದನ್ನೆಲ್ಲ ಮಾಡಿದೆನೋ ಅವನು ಮಾತ್ರ ಬರಲಿಲ್ಲ. ಕರೆದಾಗಲೆಲ್ಲ, "ಜನ ಓಗ್ಲಿ, ಆಮ್ಯಾಕೆ ನೋಡಾನ" ಎಂದು ಗೇಟಿನಲ್ಲೇ ಕೂತಿರುತ್ತಿದ್ದ. ಜನ ಹೋಗುತ್ತಿರಲಿಲ್ಲ, ಅದೂ ನನ್ನದೇ ತಪ್ಪು.

ಒಂದು ಭಾನುವಾರ ಮಧ್ಯಾಹ್ನ ಗೊಟ್ಟಿಗೆರೆಯ ಭಾವಮೈದ ಬಂದ. ಗ್ರಾನೈಟಿಗೆ ಉತ್ತರ ಕೊಡುವ ದಿನ ಇದೇ ಎಂದು ಬಸವರಾಜನನ್ನೂ ಸಾಕ್ಷಿಗೆ ಕರೆದೆ. ಊಟಕ್ಕೆ ಒಳಗೆ ಬಂದಿದ್ದ ಅಪ್ಪನೂ ಅಂದು ಗೋಡೆಗೆ ಒರಗಿ ನಿಂತ. ಹಕ್ಕಿ ಕೂಗಿತು, ನಾನು ಬೆರಳೆತ್ತಿದೆ, ಭಾವಮೈದ, "ಅಬ್ಬಾ ಭಾವ!" ಎಂದ. ಜಲಪಾತ ಶುರುವಾಯಿತು. ಆಗ ಅಪ್ಪ ಮೆಲ್ಲಗೆ ನಡೆದು ಬಂದು ಮಧ್ಯದ ಸ್ಪೀಕರಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. ಆಮೇಲೆ ಮುಂದಿನ ಎರಡು, ಆಮೇಲೆ ಬಲಗಡೆ ಹಿಂದಿನದು. ತೋಟದಲ್ಲಿ ಪೈಪು ಮುಟ್ಟುತ್ತಿದ್ದವನೇ ಎದುರಿಗೆ ಬಂದ ಹಾಗಾಯಿತು. ಕೊನೆಗೆ ಎಡಗಡೆ ಹಿಂದಿನದರ ಮೇಲೆ ಕೈ ಇಟ್ಟ. ಕೈ ತೆಗೆದ. ಇನ್ನೊಂದು ಸಲ ಇಟ್ಟ.

"ಈ ಪಾತಿಗೆ ನೀರೇ ಬಂದಿಲ್ವಲ್ಲಾ ಮಗ" ಎಂದ.

"ಬರ್ತಾ ಇದೆ ಕಣಪ್ಪ. ಈಗ್ತಾನೆ ಹಕ್ಕಿ ಕೂಗ್ತು. ಇವರೆಲ್ಲ ಕೇಳಿಸ್ಕೊಂಡ್ರು."

ಅಪ್ಪ ಒಣಗಿದ ಚೆಂಡುಹೂವಿನ ಹಾರವನ್ನು ಎತ್ತಿ ಪಕ್ಕಕ್ಕೆ ಸರಿಸಿದ. ಅದರ ಹಿಂದೆ ಗೋಡೆಯಿಂದ ಬಂದ ವೈರು, ಯಾವುದಕ್ಕೂ ಸಿಕ್ಕಿಸದೆ, ಬಿಡುವಾಗಿ ನೇತಾಡುತ್ತಿತ್ತು. ಆಯುಧಪೂಜೆಯ ಮಾರನೆಯ ದಿನ ಒಬ್ಬಟ್ಟಿಗೆ ಎದ್ದು ಹೋಗುವಾಗ ನಾನು ಬಿಟ್ಟುಹೋದದ್ದು ಅದನ್ನೇ.

ಭಾವಮೈದ ಸೀಲಿಂಗ್ ಫ್ಯಾನು ನೋಡತೊಡಗಿದ. ಸುಜಾತಾ ಸೆರಗನ್ನು ಬಾಯಿಗೆ ಒತ್ತಿಕೊಂಡು, "ರೀ, ಮನೆತನದ ಕಿವಿ!" ಎಂದು ಅಡುಗೆಮನೆಗೆ ಓಡಿದಳು. ನಾನು ಬಸವರಾಜನ ಕಡೆ ತಿರುಗಿದೆ.

"ನಿಂಗೆ ಗೊತ್ತಿತ್ತೇನಪ್ಪ?"

"ಮೊದಲನೇ ದಿನಾನ ನೋಡಿದ್ನಿರಿ ಸರ್, ಹಾರದ ಸಂದ್ಯಾಗ ವೈರು ಜೋತಾಡಾಕತ್ತಿತ್ತು."

"ಹೇಳಬಾರದಾಗಿತ್ತಾ?"

"ನೀವು ಹಕ್ಕಿ ಕೇಳಿಸ್ತು ಅಂದ್ರಿ. ಓನರ್ ಕಿವಿ ಸುಳ್ಳು ಅಂತ ನಾ ಹೆಂಗ ಹೇಳ್ಲಿ ಸರ್?"

ನಾನು ವೈರು ಸಿಕ್ಕಿಸಿದೆ. ಅಪ್ಪ ಮತ್ತೆ ಅಂಗೈ ಇಟ್ಟು, ಕಣ್ಣು ಮುಚ್ಚಿ, "ಹಾ, ಈಗ ಎತ್ತಾ ಐತೆ" ಎಂದ. ಅದೇ ಹಳೆಯ ದನಿ. ಆಮೇಲೆ ಯಾರೂ ಹೇಳದೆ ಸೋಫಾದ ಮಧ್ಯೆ ಕೂತು, "ವಾರ್ತೆ ಆಕು" ಎಂದ. ನಾನು ಮಧ್ಯದ ಸ್ಪೀಕರನ್ನಷ್ಟೇ ಜೋರು ಮಾಡಿದೆ. ವಾರ್ತೆ ಓದುವ ಹೆಣ್ಣುಮಗಳ ಒಂದೊಂದು ಮಾತೂ ಬಿಡಿಬಿಡಿಯಾಗಿ ಬಂತು. ಅಪ್ಪ ಪೂರ್ತಿ ಕೇಳಿ, "ಈ ವಮ್ಮ ಬಾಯಿ ಬಿಟ್ಟು ಮಾತಾಡ್ತದೆ" ಎಂದು ಸರ್ಟಿಫಿಕೇಟು ಕೊಟ್ಟ. ಅವತ್ತಿನಿಂದ ಗೇಟಿನ ಕುರ್ಚಿ ಸಂಜೆ ಹೊತ್ತು ಖಾಲಿ. ಆ ನೀರು ಕಟ್ಟುವ ಆಳನ್ನು ಆರಿಸಿದವನು ನಾನು ತಾನೇ? ಆ ಹೆಮ್ಮೆಯನ್ನು ಮಾತ್ರ ಯಾರೂ ಕಿತ್ತುಕೊಳ್ಳಲಾರರು.

ಇನ್ನು ಹಕ್ಕಿಯ ವಿಷಯ. ಎಲ್ಲರೂ ಹೋದ ಮೇಲೆ ಒಬ್ಬನೇ ಕೂತು ಆ ಸೀನು ಮತ್ತೆ ಹಾಕಿದೆ. ಈಗ ವೈರು ಸಿಕ್ಕಿಸಿದೆ, ಐದೂ ಸ್ಪೀಕರ್ ಸರಿಯಿವೆ, ಹಕ್ಕಿ ನಿಜವಾಗಿಯೂ ಎಡಗಡೆ ಹಿಂದಿನಿಂದಲೇ ಕೂಗಿತು. ಚೆನ್ನಾಗಿಯೇ ಇತ್ತು. ಆದರೆ ವೈರಿಲ್ಲದ ಆ ಮೂರು ವಾರ ನಾನು ಕೇಳಿದ ಹಕ್ಕಿ ಇದಕ್ಕಿಂತ ಎಷ್ಟೋ ಇಂಪಾಗಿ ಕೂಗುತ್ತಿತ್ತು. ಇದನ್ನು ನಾನು ಇನ್ನೂ ಅಪ್ಪನಿಗೆ ಹೇಳಿಲ್ಲ.