ದೂರದಿಂದಲೇ ಚುಕ್ಕೆ ಗುಡಿಸಿದವರಿಗೆ

ಕಂಪ್ಯೂಟರುಗಳ ಯೋಗಕ್ಷೇಮವನ್ನು ದೂರದಿಂದಲೇ ನೋಡಿಕೊಳ್ಳುವ ಸಾಫ್ಟ್‌ವೇರ್ ಕಂಪನಿಯ ಮುಖ್ಯಸ್ಥರ ಘನ ಸನ್ನಿಧಾನಕ್ಕೆ,

ಮಾನ್ಯರೇ,

ಮೂರು ಸಲ ಸೋಪು ಹಾಕಿ ಉಜ್ಜಿದರೂ ಉಗುರಿನ ಸಂದಿಯಿಂದ ಶಾಯಿ ಬಿಟ್ಟುಹೋಗದ ಎರಡೂ ಕೈಗಳನ್ನು ಜೋಡಿಸಿ, ಒಂದು ಸಣ್ಣ ಪ್ರೆಸ್ಸಿನ ಮಾಲೀಕನಾದ ನಾನು ತಮಗೆ ವಂದಿಸುತ್ತೇನೆ. ತಮ್ಮ ಮುಖವನ್ನು ಕಣ್ಣಾರೆ ಕಾಣುವ ಭಾಗ್ಯ ನಮಗಿನ್ನೂ ಒದಗಿಲ್ಲ. ತಮ್ಮ ಕಚೇರಿಯ ಬಾಗಿಲು ಯಾವ ಬೀದಿಗೆ ತೆರೆದುಕೊಳ್ಳುತ್ತದೆಂಬುದೂ ತಿಳಿದಿಲ್ಲ. ಆದರೂ ಕಳೆದ ಎರಡು ವಾರಗಳಿಂದ ತಾವು ಚಪ್ಪಲಿ ಬಿಡುವ ತೊಂದರೆಯನ್ನೂ ತೆಗೆದುಕೊಳ್ಳದೆ ನಮ್ಮ ಅಂಗಡಿಯೊಳಗೆ ಓಡಾಡಿಕೊಂಡಿದ್ದೀರಿ. ಬಂದವರನ್ನು ಮಾತಾಡಿಸದೆ ಕಳಿಸುವುದು ನಮ್ಮ ಮನೆತನದ ಪದ್ಧತಿಯಲ್ಲವಾದ್ದರಿಂದ ಈ ಪತ್ರ. ಊರಿನ ಉಳಿದ ಪ್ರೆಸ್ಸುಗಳವರಿಗೂ ತಮ್ಮ ಗುಣಗಾನ ಕೇಳಿಸಲಿ ಎಂಬ ಆಸೆಯಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಮ್ಮದು ಎರಡೂವರೆ ಕೋಣೆಯ ಪ್ರೆಸ್ಸು. ಮುಂದಿನ ಕೋಣೆಯಲ್ಲಿ ಗಿರಾಕಿಗಳ ಬೆಂಚು ಮತ್ತು ನನ್ನ ಮೇಜು. ಹಿಂದಿನ ಕೋಣೆಯಲ್ಲಿ ಮುದ್ರಿಸುವ ಯಂತ್ರ, ಕಾಗದ ಕತ್ತರಿಸುವ ಯಂತ್ರ, ಇವೆರಡಕ್ಕೂ ಹೆತ್ತ ತಂದೆಯಂತಿರುವ, ಎಲ್ಲರೂ ‘ಮೆಷಿನ್ ಮಾವ’ ಎಂದು ಕರೆಯುವ ಹಿರಿಯರು. ಮೆಟ್ಟಿಲ ಕೆಳಗಿನ ಅರ್ಧ ಕೋಣೆಯಲ್ಲಿ ನನ್ನ ಅಕ್ಕ ಮತ್ತು ಅವಳ ಕಂಪ್ಯೂಟರು. ಹೊರಗಿನ ಬೋರ್ಡಿನಲ್ಲಿ ಮಾಲೀಕನೆಂದು ನನ್ನ ಹೆಸರಿರುವುದು ನಿಜ. ಅಂಗಡಿ ನಡೆಸುವವಳು ಅಕ್ಕ. ಪುಟ ಕಟ್ಟುವುದು, ಬಣ್ಣ ಹೊಂದಿಸುವುದು, ಪ್ರೂಫ್ ನೋಡುವುದು ಎಲ್ಲವೂ ಅವಳದೇ. ಹಾಳೆಯನ್ನು ತಲೆಕೆಳಗಾಗಿ ಹಿಡಿದರೂ ಎಲ್ಲಿ ಒತ್ತು ಬಿಟ್ಟುಹೋಗಿದೆ, ಎಲ್ಲಿ ದೀರ್ಘ ಬಿದ್ದುಹೋಗಿದೆ ಎಂದು ಬೆರಳಿಟ್ಟು ತೋರಿಸುತ್ತಾಳೆ.

ಇಂಥ ಅಕ್ಕ ಕಳೆದ ತಿಂಗಳು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಆರು ವಾರ ಪ್ಲಾಸ್ಟರು, ನೆಲಕ್ಕೆ ಕಾಲು ತಾಗಿಸುವಂತಿಲ್ಲ. ಅದೇ ವಾರ ಮಕ್ಕಳ ಆಸ್ಪತ್ರೆಯ ಡಾಕ್ಟರಮ್ಮ, ಜ್ವರದ ಔಷಧಿಯನ್ನು ಯಾವ ವಯಸ್ಸಿನ ಮಗುವಿಗೆ ಎಷ್ಟು ಕುಡಿಸಬೇಕೆಂದು ಹೇಳುವ ಕರಪತ್ರ ಐದು ಸಾವಿರ ಬೇಕೆಂದು ಕೇಳಿದ್ದರು. ಅಕ್ಕ ನೋಡದ ಹಾಳೆ ನಮ್ಮ ಅಂಗಡಿಯಿಂದ ಹೊರಗೆ ಹೋದದ್ದಿಲ್ಲ. ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಅವಳೇ ಫೋನು ಮಾಡಿದಳು. “ಇಲ್ಲಿ ಸೂರು ನೋಡ್ಕೊಂಡು ಬಿದ್ದಿದ್ರೆ ನನಗೆ ಹುಚ್ಚು ಹಿಡಿಯುತ್ತೆ ಕಣೋ. ಮನೆಯಿಂದಲೇ ಅಂಗಡಿ ಕಂಪ್ಯೂಟರ್ ನಡೆಸೋ ಸಾಫ್ಟ್‌ವೇರ್ ಇರುತ್ತಂತೆ. ಒಂದು ನೋಡು,” ಎಂದಳು.

ಹೀಗೆ ನಾನು ವರಾನ್ವೇಷಣೆಗೆ ಹೊರಟೆ, ಮಾನ್ಯರೇ. ಮೊದಲು ಬಂದ ಸಾಫ್ಟ್‌ವೇರ್ ಬಹಳ ಸಂಕೋಚದ ಸ್ವಭಾವದ್ದು. ಅಕ್ಕ ಮನೆಯಿಂದ ಒಳಗೆ ಬರಬೇಕೆಂದಾಗಲೆಲ್ಲ ಅಂಗಡಿಯಲ್ಲಿ ಯಾರಾದರೂ ಎದ್ದುಹೋಗಿ ‘ಒಪ್ಪಿಗೆ’ ಎಂಬ ಗುಂಡಿ ಒತ್ತಬೇಕಿತ್ತು. ನಾನು ಗಿರಾಕಿಗಳ ನಡುವೆ ಸಿಕ್ಕಿಕೊಂಡಿರುತ್ತಿದ್ದೆ. ಹಾಗಾಗಿ ಮಾವನೇ ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು, ಮೆಟ್ಟಿಲ ಕೆಳಗೆ ಬಗ್ಗಿ ಒತ್ತಿ ಬರುತ್ತಿದ್ದರು. ಎರಡನೇ ದಿನ ಹದಿನೇಳನೇ ಸಲಕ್ಕೆ ಅವರು ಸೊಂಟ ಹಿಡಿದುಕೊಂಡು, “ಅವಳು ದೂರದಿಂದ ಕೆಲಸ ಮಾಡೋದಲ್ಲಪ್ಪ ಇದು, ನಾನು ಹತ್ತಿರದಿಂದ ಸಾಯೋದು,” ಎಂದರು. ಅದನ್ನು ಮರ್ಯಾದೆಯಿಂದ ಬೀಳ್ಕೊಟ್ಟೆವು. ಎರಡನೆಯದು ಪುಕ್ಕಟೆ. ಅದಕ್ಕೆ ನಾವು ವ್ಯಾಪಾರ ಮಾಡುತ್ತಿದ್ದೇವೆಂಬ ಗುಮಾನಿ. ಗುಮಾನಿ ಸರಿಯಾಗಿಯೇ ಇತ್ತು. ಐದೈದು ನಿಮಿಷಕ್ಕೆ ಸಂಪರ್ಕ ಕಡಿದು, ಅಕ್ಕನಿಗೆ ವ್ಯಾಪಾರದ ನೀತಿಯ ಬಗ್ಗೆ ಒಂದು ಪ್ಯಾರಾ ಓದಿಸುತ್ತಿತ್ತು. ಸಾಲದ್ದಕ್ಕೆ ಬಣ್ಣಗಳನ್ನು ತೊಳೆದು ತೋರಿಸುತ್ತಿತ್ತು. ನಾವು ಕುಂಕುಮದಷ್ಟು ಕೆಂಪು ಹಾಕಿದರೆ ಅಕ್ಕನಿಗೆ ಅಲ್ಲಿ ಎಳೆ ಮಗುವಿನ ಅಂಗಾಲು ಕಾಣುತ್ತಿತ್ತು.

ಮೂರನೆಯವರಾಗಿ ತಾವು ದಯಮಾಡಿಸಿದಿರಿ. ತಮ್ಮ ಮಾರಾಟದ ಮಹನೀಯರು ಕಳಿಸಿದ ಪರಿಚಯ ಪುಸ್ತಿಕೆಯನ್ನು ಕೈಗೆತ್ತಿಕೊಂಡಾಗ ನನಗಾದ ರೋಮಾಂಚನವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಎಂಥ ಕಾಗದ! ಎಂಥ ದಪ್ಪ, ಎಂಥ ನುಣುಪು! ಅಂಚಿನ ಕತ್ತರಿಕೆಯಲ್ಲಿ ಕೂದಲೆಳೆಯ ಏರುಪೇರಿಲ್ಲ. ಶೀರ್ಷಿಕೆಗೆ ಉಬ್ಬು ಮುದ್ರಣ. ಕಾಗದದ ನಡುವೆಯೇ ಹುಟ್ಟಿ ಬೆಳೆದ ನಾನು ಅದನ್ನು ಸವರಿದೆ, ಮೂಸಿದೆ, ಬೆಳಕಿಗೆ ಹಿಡಿದೆ. ಓದುವುದೊಂದನ್ನು ಬಿಟ್ಟು ಎಲ್ಲವನ್ನೂ ಮಾಡಿದೆ. ಇಷ್ಟು ಚೆನ್ನಾಗಿ ಅಚ್ಚು ಹಾಕಿಸುವವರು ಕೆಟ್ಟ ಸಾಫ್ಟ್‌ವೇರ್ ಮಾಡಲಾರರು ಎಂದು ತೀರ್ಮಾನಿಸಿಬಿಟ್ಟೆ. ಅಕ್ಕ ಫೋನಿನಲ್ಲಿ, “ಅದು ತಾನಾಗಿ ಏನೇನು ಮಾಡುತ್ತೆ ಕೇಳಿದ್ಯಾ? ನನ್ನ ಫಾಂಟುಗಳನ್ನ ಮುಟ್ಟೋದಿಲ್ಲ ತಾನೇ?” ಎಂದಳು. ಅಕ್ಷರಗಳ ಅಚ್ಚುಮೊಳೆಗಳ ಕಾಲ ಹೋದಮೇಲೆ ಕಂಪ್ಯೂಟರಿನೊಳಗಿನ ಈ ಫಾಂಟುಗಳೇ ನಮ್ಮ ಆಸ್ತಿ. ಅವುಗಳಲ್ಲಿ ಕೆಲವನ್ನು ಅಕ್ಕ ಹದಿನೈದು ವರ್ಷದಿಂದ ತಿದ್ದಿ ತೀಡಿ ಇಟ್ಟುಕೊಂಡಿದ್ದಾಳೆ. “ಕೇಳಿದೆ, ಮುಟ್ಟೋದಿಲ್ವಂತೆ,” ಎಂದೆ. ನಾನು ಕೇಳಿರಲಿಲ್ಲ.

ಮೊದಲ ವಾರ ತಮ್ಮ ಸೇವೆ ಅದ್ಭುತವಾಗಿತ್ತು. ಅಕ್ಕ ಹಾಸಿಗೆಯಲ್ಲಿ ದಿಂಬಿಗೊರಗಿ ಪುಟ ಕಟ್ಟುತ್ತಿದ್ದಳು. ಇಲ್ಲಿ ಮೌಸಿನ ಬಾಣ ತಾನೇ ತಾನಾಗಿ ತೆರೆಯ ಮೇಲೆ ಓಡಾಡುತ್ತಿತ್ತು. ಮಾವ ಅದರ ಮುಂದೆ ನಿಂತು, “ಕಾಲು ಹೇಗಿದೆಯಮ್ಮ?” ಎಂದು ಕಂಪ್ಯೂಟರನ್ನು ವಿಚಾರಿಸುತ್ತಿದ್ದರು. ತಮ್ಮ ಕಾಳಜಿಯಾದರೋ ಅಪಾರ. ಅಕ್ಕ ಒಳಗೆ ಬಂದಾಗ ನನ್ನ ಫೋನಿಗೆ ಒಂದು ಸಂದೇಶ, ಹೊರಗೆ ಹೋದಾಗ ಇನ್ನೊಂದು, ಹೋದವರು ಹೋದದ್ದು ನಿಜವೆಂದು ಖಚಿತಪಡಿಸಲು ಮತ್ತೊಂದು. ಹೊಸದಾಗಿ ಮದುವೆಯಾದವರು ಕೂಡ ಒಬ್ಬರ ಚಲನವಲನವನ್ನು ಇನ್ನೊಬ್ಬರು ಇಷ್ಟು ಗಮನಿಸುವುದಿಲ್ಲ. ಮೂರನೇ ದಿನ ನಾನು ಫೋನಿನ ಸದ್ದಡಗಿಸಿ ಡ್ರಾಯರಿಗೆ ಹಾಕಿದೆ.

ಇನ್ನು ಆ ಮಂಗಳವಾರದ ವಿಷಯ. ಬೆಳಿಗ್ಗೆ ಅಕ್ಕ ಆಸ್ಪತ್ರೆಯ ಕರಪತ್ರವನ್ನು ಮೂರು ಸಲ ಓದಿ ಒಪ್ಪಿಗೆ ಕೊಟ್ಟಿದ್ದಳು. ಆರು ತಿಂಗಳ ಕೂಸಿಗೆ ೨.೫ ಮಿ.ಲೀ. ಎಂದಿತ್ತು. ಮಧ್ಯಾಹ್ನ ನಾನೂ ಮಾವನೂ ಊಟಕ್ಕೆ ಕುಳಿತ ಹೊತ್ತಿಗೆ, ಖಾಲಿ ಕಂಪ್ಯೂಟರು ಕಂಡು ತಮಗೆ ಕರುಳು ಚುರ್ರೆಂದಿರಬೇಕು. ‘ಬಳಕೆಯಲ್ಲಿಲ್ಲದ ಕಡತಗಳ ಸ್ವಚ್ಛತೆ’ ಎಂಬ ತಮ್ಮ ಉಚಿತ ಸೌಲಭ್ಯ ತಾನಾಗಿ ಎದ್ದು, ಪೊರಕೆ ಹಿಡಿದು, ಅಕ್ಕನ ಹಳೆಯ ಫಾಂಟುಗಳನ್ನೆಲ್ಲ ಕಸವೆಂದು ಗುಡಿಸಿ ಎಸೆಯಿತು. ಊಟ ಮುಗಿಸಿ ಬಂದ ಮಾವ ಮುದ್ರಣಕ್ಕೆ ಚಾಲನೆ ಕೊಟ್ಟಾಗ, ಕಂಪ್ಯೂಟರು ಇಲ್ಲದ ಫಾಂಟಿಗೆ ಬದಲಾಗಿ ಕೈಗೆ ಸಿಕ್ಕಿದ ಇನ್ನೊಂದನ್ನು ಹಾಕಿಕೊಂಡಿತು. ಆ ಇನ್ನೊಂದರಲ್ಲಿ ಅಕ್ಷರಗಳಿದ್ದವು, ಅಂಕಿಗಳಿದ್ದವು, ಚುಕ್ಕೆ ಮಾತ್ರ ಇರಲಿಲ್ಲ. ಯಂತ್ರ ನಿಮಿಷಕ್ಕೆ ನಲವತ್ತರಂತೆ ಹಾಳೆ ಉಗುಳತೊಡಗಿತು. ಪ್ರತಿ ಹಾಳೆಯಲ್ಲೂ ಆರು ತಿಂಗಳ ಕೂಸಿಗೆ ೨೫ ಮಿಲೀ.

ಒಂದು ಗಂಟೆ ಕಳೆದ ಮೇಲೆ ಅಕ್ಕ ಕೆಲಸ ಎಲ್ಲಿಗೆ ಬಂತೆಂದು ನೋಡಲು ಮನೆಯಿಂದ ಒಳಗೆ ಬಂದಳು. ನೋಡಿದಳು. ಯಂತ್ರ ನಿಲ್ಲಿಸಲು ಗುಂಡಿಯ ಕಡೆ ಬಾಣ ಒಯ್ದಳು. ಅಷ್ಟರಲ್ಲಿ ತಾವು ಅವಳ ದಾರಿಗೆ ಅಡ್ಡಲಾಗಿ ಒಂದು ಚೌಕ ನಿಲ್ಲಿಸಿ, ‘ನಮ್ಮೊಂದಿಗೆ ತಮ್ಮ ಅನುಭವ ಹೇಗಿದೆ?’ ಎಂದು ವಿಚಾರಿಸಿದಿರಿ. ಉತ್ತರಿಸದೆ ಮುಂದೆ ಹೋಗುವಂತಿರಲಿಲ್ಲ. ಉತ್ತರವಾಗಿ ಆರಿಸಿಕೊಳ್ಳಲು ತಾವಿಟ್ಟಿದ್ದು ಮೂರು ಮುಖಗಳು: ಒಂದು ನಗುತ್ತಿತ್ತು, ಒಂದು ಇನ್ನೂ ನಗುತ್ತಿತ್ತು, ಮೂರನೆಯದು ಕಣ್ಣೀರು ಬರುವಷ್ಟು ನಗುತ್ತಿತ್ತು. ಅಕ್ಕ ಮೂರನೆಯದನ್ನು ಒತ್ತಿದಳು. ತಾವು ಧನ್ಯವಾದ ಹೇಳಿ ಸಂಪರ್ಕ ಕಡಿದಿರಿ, ಮತ್ತೆ ಒಳಗೆ ಬಿಡಲಿಲ್ಲ.

ಅವಳು ಅಂಗಡಿಗೆ ಫೋನು ಮಾಡಿದಳು. ಯಂತ್ರದ ಸದ್ದಿನಲ್ಲಿ ನಮಗೆ ಕೇಳಿಸಲಿಲ್ಲ. ನನ್ನ ಫೋನಿಗೆ ಹನ್ನೊಂದು ಸಲ ಮಾಡಿದಳು. ಅದು ತಮ್ಮ ಸಂದೇಶಗಳ ಜೊತೆ ಡ್ರಾಯರಿನಲ್ಲಿ ಮೂಕವಾಗಿ ಮಲಗಿತ್ತು. ಆಗ ಅಕ್ಕ ಕಿಟಕಿಯಿಂದ ಪಕ್ಕದ ಮನೆಯ ಬಡಗಿಯನ್ನು ಕೂಗಿದಳು. ಅವರು ಸಾಮಾನು ಸಾಗಿಸುವ ತಮ್ಮ ಗಾಡಿಗೆ ಬಾಗಿಲುಗಳನ್ನು ಏರಿಸುತ್ತಿದ್ದರು. ಇನ್ನೂ ಪಾಲಿಷ್ ಕಾಣದ ಆರು ಬಾಗಿಲುಗಳ ನಡುವೆ ಕುರ್ಚಿ ಇಟ್ಟು, ಕುರ್ಚಿಯಲ್ಲಿ ಅಕ್ಕನನ್ನು ಕೂರಿಸಿ, ಹಗ್ಗದಿಂದ ಬಿಗಿದು, ಪೇಟೆಯ ನಡುವೆ ಅವರು ಗಾಡಿ ಓಡಿಸಿಕೊಂಡು ಬಂದದ್ದನ್ನು ನೋಡಿದವರು ಈಗಲೂ ಹೇಳಿಕೊಂಡು ನಗುತ್ತಾರೆ. ನನಗೆ ಮಾತ್ರ ಆಗ ನಗು ಬರಲಿಲ್ಲ. ಅಂಗಡಿಯ ಬಾಗಿಲಲ್ಲಿ, ನೆಲದಿಂದ ನಾಲ್ಕಡಿ ಎತ್ತರದಲ್ಲಿ, ಪ್ಲಾಸ್ಟರಿನ ಕಾಲನ್ನು ಮುಂದೆ ಚಾಚಿಕೊಂಡು ಅಕ್ಕ ಪ್ರತ್ಯಕ್ಷಳಾಗಿ, “ಮಾವಾ, ನಿಲ್ಸಿ! ಮೊದಲು ಯಂತ್ರ ನಿಲ್ಸಿ!” ಎಂದು ಕೂಗಿದಾಗ ಯಂತ್ರಕ್ಕಿಂತ ಮೊದಲು ನನ್ನ ಎದೆ ನಿಂತಿತು.

“ಎಷ್ಟು ಹೊರಗೆ ಹೋಯ್ತು?” ಎಂದಳು.

ಇನ್ನೂರು ಹೋಗಿದ್ದವು. ಆ ದಾರಿಯಾಗಿ ಬಂದಿದ್ದ ಆಸ್ಪತ್ರೆಯ ನರ್ಸಮ್ಮ ಒಂದು ಕಟ್ಟನ್ನು ಒಯ್ದು ಅರ್ಧ ಗಂಟೆಯಾಗಿತ್ತು. ನಾನು ಸೈಕಲ್ ಹತ್ತಿದೆ. ಮಾನ್ಯರೇ, ತಾವು ಎಂದಾದರೂ ಸ್ವಂತ ಕಾಲುಗಳಿಂದ ಎಲ್ಲಿಗಾದರೂ ಹೋದದ್ದುಂಟೋ ಇಲ್ಲವೋ ತಿಳಿಯದು. ಆ ಒಂದೂವರೆ ಮೈಲಿಯಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ಒಂದು ಚಮಚ ಮಾತ್ರ, ಅದು ಮತ್ತೆ ಮತ್ತೆ ತುಂಬಿಕೊಳ್ಳುತ್ತಲೇ ಇತ್ತು. ಔಷಧಿ ಕೊಡುವ ಕಿಟಕಿಯಲ್ಲಿ ಕಟ್ಟಿನ ದಾರ ಆಗಲೇ ಬಿಚ್ಚಿತ್ತು. ನರ್ಸಮ್ಮ ಎಣಿಸಿ, “ಮೂರು ಕೊಟ್ಟಿದೀನಿ,” ಎಂದವರೇ ವಿಳಾಸದ ಪುಸ್ತಕ ತೆಗೆದರು. ಇಬ್ಬರು ತಾಯಂದಿರು ಫೋನಿಗೆ ಸಿಕ್ಕರು. ಒಬ್ಬರು ಔಷಧಿಯ ಬಾಟಲಿಯನ್ನು ಚೀಲದಿಂದ ತೆಗೆದಿರಲಿಲ್ಲ. ಇನ್ನೊಬ್ಬರು, “ನಮಗೂ ಅನುಮಾನ ಬಂತು, ಅರ್ಧ ಬಾಟಲಿ ಒಂದೇ ಸಲಕ್ಕಾ ಅಂತ, ಕೇಳೋಣ ಅಂತಲೇ ಇದ್ದೆ,” ಎಂದರು. ಮೂರನೆಯ ನಂಬರು ಹತ್ತಲಿಲ್ಲ; ಅವರು ಆಗಷ್ಟೇ ಹೊರಟವರೆಂದು ನರ್ಸಮ್ಮ ಹೇಳಿದರು.

ನಾನೂ, ಗಲಾಟೆ ಕೇಳಿ ಬಂದ ಡಾಕ್ಟರಮ್ಮನೂ ಹೊರಗೆ ಓಡಿದೆವು. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಒಬ್ಬ ಅಜ್ಜ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸು ಕಾಯುತ್ತಿದ್ದರು. ಮಗುವಿನ ಕೈಯಲ್ಲಿ ಒಂದು ಕಾಗದದ ದೋಣಿಯಿತ್ತು. ನನ್ನ ಕಾಗದ ನನಗೆ ಗೊತ್ತು. “ಅಜ್ಜಾ, ಇದನ್ನ ಓದಿದ್ರಾ?” ಎಂದು ಕೇಳಿದಾಗ ಅವರು ಸ್ವಲ್ಪ ನಾಚಿಕೊಂಡು, “ಕನ್ನಡಕ ತಂದಿಲ್ಲಪ್ಪ. ಮಗು ಹಟ ಮಾಡ್ತಿತ್ತು, ಮಡಿಚಿ ಕೊಟ್ಟೆ. ಕಾಗದ ಚೆನ್ನಾಗಿದೆ, ಮಡಿಕೆ ಚೆನ್ನಾಗಿ ನಿಲ್ಲುತ್ತೆ,” ಎಂದರು. ನನ್ನ ಕಾಗದದ ಬಗ್ಗೆ ಯಾರೂ ಅದಕ್ಕಿಂತ ಒಳ್ಳೆಯ ಮಾತು ಹೇಳಿಲ್ಲ. ನಾನು ಅವರ ಪಕ್ಕದಲ್ಲಿ ಕುಳಿತು, ಬೇರೆ ಕಾಗದದಲ್ಲಿ ಇನ್ನೊಂದು ದೋಣಿ ಮಾಡಿಕೊಟ್ಟು, ಆ ದೋಣಿಯನ್ನು ಇಸಿದುಕೊಂಡೆ. ನನ್ನ ದೋಣಿ ಸೊಟ್ಟಗಾಯಿತು, ಮಗು ಕ್ಷಮಿಸಿತು.

ಅಂಗಡಿಗೆ ಮರಳಿದಾಗ ಮಾವ ಅಚ್ಚಾದದ್ದನ್ನೆಲ್ಲ ಒಂದು ಹಾಳೆಯೂ ಉಳಿಯದಂತೆ ಕತ್ತರಿಸಿ ಹಾಕಿದ್ದರು. ಅಕ್ಕ ಕಾಗದದ ರೀಮುಗಳ ಮೇಲೆ ಕಾಲಿಟ್ಟುಕೊಂಡು, ಮನೆಯಿಂದ ತಂದಿದ್ದ ಹಳೆಯ ಪ್ರತಿಯಿಂದ ಫಾಂಟುಗಳನ್ನು ಮತ್ತೆ ತುಂಬುತ್ತಿದ್ದಳು. ಸಂಜೆ ಆರರ ಹೊತ್ತಿಗೆ ಐದು ಸಾವಿರ ಸರಿಯಾದ ಕರಪತ್ರಗಳು ಆಸ್ಪತ್ರೆ ತಲುಪಿದವು. ಆಮೇಲೆ ನಾನು ಅಕ್ಕನ ಹತ್ತಿರ ಹೋಗಿ, “ಫಾಂಟು ಮುಟ್ಟುತ್ತಾ ಅಂತ ನಾನು ಅವರನ್ನ ಕೇಳೇ ಇರ್ಲಿಲ್ಲ ಅಕ್ಕಾ,” ಎಂದೆ. ಅವಳು ತೆರೆಯಿಂದ ಕಣ್ಣು ತೆಗೆಯದೆ, “ಗೊತ್ತು. ನಾನು ಕೂಡ ಎರಡನೇ ಸಲ ಕೇಳ್ಬೇಕಿತ್ತು. ಕೂತ್ಕೋ, ಈ ಪ್ರೂಫ್ ಹಿಡಿ,” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ತಮ್ಮ ಪ್ರತಿನಿಧಿ ಜೇನಿನಂಥ ದನಿಯಲ್ಲಿ, “ಸರ್, ಸಾಫ್ಟ್‌ವೇರ್ ಸರಿಯಾಗೇ ಕೆಲಸ ಮಾಡಿದೆ. ಜೊತೆಗೆ ತಮ್ಮ ಕಡೆಯಿಂದ ನಮಗೆ ಅತ್ಯುತ್ತಮ ಅಂತ ಅಭಿಪ್ರಾಯ ಬಂದಿದೆ,” ಎಂದರು. ಆ ಉತ್ತರಕ್ಕೆ ನಾನು ತಲೆಬಾಗುತ್ತೇನೆ.

ಆದ್ದರಿಂದ ಮಾನ್ಯರೇ, ತಮ್ಮಂಥ ಸಮರ್ಥರಿಗೆ ಕಷ್ಟವಾಗದೆಂಬ ಭರವಸೆಯಿಂದ ಕೆಲವು ಸಣ್ಣ ಕೋರಿಕೆಗಳನ್ನು ಸಲ್ಲಿಸುತ್ತೇನೆ. ಮುಂದಿನ ಸಲ ತಮ್ಮ ಪೊರಕೆ ಎದ್ದಾಗ, ಅದು ಮೊದಲು ನಮ್ಮ ಹಿಂದಿನ ಕೋಣೆಯ ನೆಲದಿಂದ ಶುರುಮಾಡಲಿ. ಅಲ್ಲಿ ನಿಜವಾಗಿಯೂ ಕಸವಿದೆ. ದೂರದಿಂದಲೇ ಒಂದು ಕೈ ಚಾಚಿ, ಸಿಕ್ಕಿಹಾಕಿಕೊಂಡ ಹಾಳೆಯನ್ನು ಹರಿಯದಂತೆ ಎಳೆಯುವ ಸೌಲಭ್ಯವಿದ್ದರೆ ಮಾವನ ಸೊಂಟ ತಮ್ಮನ್ನು ಹರಸೀತು. ಶಾಯಿ ಹಳತಾಗಿದೆಯೆಂದು ಮೂಸಿ ಹೇಳುವ ಮೂಗು, ಅನುಮಾನ ಬಂದಾಗ ಕೆಲಸ ನಿಲ್ಲಿಸಿ ಯಾರನ್ನಾದರೂ ಕೇಳುವ ನಾಚಿಕೆ, ಇವೆರಡನ್ನೂ ಮುಂದಿನ ಆವೃತ್ತಿಯಲ್ಲಿ ಸೇರಿಸಿ. ಇವು ಯಾವುವೂ ಆಗದಿದ್ದರೆ, ಆ ಮೂರು ನಗುಮುಖಗಳ ಸಾಲಿನ ಕೊನೆಯಲ್ಲಿ ಅಳುವ ಮುಖವೊಂದಕ್ಕೆ ದಯವಿಟ್ಟು ಜಾಗ ಮಾಡಿಕೊಡಿ; ಹೆಚ್ಚು ಜಾಗ ಬೇಕಿಲ್ಲ, ನಾವೇ ಪುಕ್ಕಟೆಯಾಗಿ ಅಚ್ಚುಹಾಕಿ ಕಳಿಸುತ್ತೇವೆ.

ತಮ್ಮನ್ನು ಬಿಡಿಸಿಕೊಳ್ಳುವ ಕ್ರಮವೇನೆಂದು ತಿಳಿಯದೆ ಇನ್ನೂ ತಮ್ಮನ್ನೇ ನೆಚ್ಚಿಕೊಂಡಿರುವ,

ತಮ್ಮ ವಿಶ್ವಾಸಿ,
ಪ್ರೆಸ್ಸಿನವನು

ಮತ್ತೊಂದು ಮಾತು: ತಮ್ಮ ‘ಯಶಸ್ಸಿನ ಕಥೆಗಳು’ ಪುಟಕ್ಕೆ ಗಿರಾಕಿಗಳಿಂದ ಒಂದು ಸಾಲಿನ ಮೆಚ್ಚುಗೆ ಬೇಕೆಂದು ನಿನ್ನೆ ಕೇಳಿ ಕಳಿಸಿದ್ದೀರಿ. ಅಕ್ಕ ಸಂತೋಷದಿಂದ ಬರೆದುಕೊಟ್ಟಿದ್ದಾಳೆ, ಪ್ರೂಫನ್ನೂ ಅವಳೇ ನೋಡಿದ್ದಾಳೆ. ಹಾಗೆಯೇ ಪ್ರಕಟಿಸಬಹುದು: “ಡಾಕ್ಟರು ನನಗೆ ಆರು ವಾರ ವಿಶ್ರಾಂತಿ ಹೇಳಿದ್ದರು. ಈ ಸಾಫ್ಟ್‌ವೇರ್‌ನ ಸಹಾಯದಿಂದ ಎರಡನೇ ವಾರಕ್ಕೇ ಖುದ್ದಾಗಿ ಕೆಲಸಕ್ಕೆ ಮರಳಿದೆ.”