ಪಣಜಿ ಅಲ್ಲ, ಪನಾಮಾ

ನಮ್ಮ ಚಿಗವ್ವನಿಗೆ ವಿಳಾಸವೇ ಇಲ್ಲ. ಹೀಗೆಂದರೆ ಹೊಗಳಿದಂತೆಯೋ ತೆಗಳಿದಂತೆಯೋ? ನನ್ನನ್ನು ಕೇಳಿದರೆ ಹೊಗಳಿದಂತೆ. ನಮ್ಮವ್ವನನ್ನು, ಅಂದರೆ ಚಿಗವ್ವನ ಸ್ವಂತ ಅಕ್ಕನನ್ನು, ಕೇಳುವ ಧೈರ್ಯ ಮಾತ್ರ ಮಾಡಬೇಡಿ. ಬ್ಯಾಂಕಿನವರು, ಕೊರಿಯರಿನವರು ಆಕೆಯನ್ನು ಹುಡುಕಿಕೊಂಡು ಗೋವಾದ ಕುಡಚಡೆಯ ನಮ್ಮ ಮನೆಗೆ ಬಂದು, ಇಲ್ಲೇ ಇರ್ತಾರೇನ್ರಿ ಅಂದರೆ, ಅವ್ವ ಹೊಸ್ತಿಲು ದಾಟದೆ ಉತ್ತರ ಕೊಡುತ್ತಾಳೆ: "ಆಕಿ ಎಲ್ಲೂ ಇರೂದಿಲ್ರಿ."

ಚಿಗವ್ವ ನಲವತ್ತು ದಾಟಿದವಳು. ಮದುವೆ ಯಾಕೆ ಆಗಲಿಲ್ಲ ಎಂದರೆ ಪುರುಸೊತ್ತು ಸಿಗಲಿಲ್ಲ ಅನ್ನುತ್ತಾಳೆ. ಮೊದಲು ಅದಿರು ಲಾರಿಗಳ ಆಫೀಸಿನಲ್ಲಿದ್ದಳು. ಗಣಿ ನಿಂತಿತು, ಆಫೀಸಿಗೆ ಬೀಗ ಬಿತ್ತು, ಚಿಗವ್ವ ಒಂದು ಲ್ಯಾಪ್‌ಟಾಪ್ ಕೊಂಡಳು. ಈಗ ಪರದೇಶದ ಯಾವುದೋ ಗಾದಿ ಕಂಪನಿಯಲ್ಲಿ ಕೆಲಸ. ಗಾದಿ ಕೊಂಡೂ ನಿದ್ದೆ ಬಾರದವರು ಆಕೆಗೆ ದೂರು ಬರೆಯುತ್ತಾರೆ, ಆಕೆ ಸಮಾಧಾನ ಬರೆಯುತ್ತಾಳೆ. ಲಾರಿ ಡ್ರೈವರುಗಳನ್ನೇ ಸಂಭಾಳಿಸಿದವಳಿಗೆ ಗಾದಿಯವರು ಯಾವ ಲೆಕ್ಕ? ಅಂದಹಾಗೆ ಆಕೆ ಮಲಗುವುದು ಚಾಪೆಯ ಮೇಲೆ. ಗಾದಿಯಿಂದ ಬೆನ್ನು ಹಿಡಿಯುತ್ತದಂತೆ!

ಈ ಕೆಲಸವನ್ನು ಎಲ್ಲಿ ಕೂತಾದರೂ ಮಾಡಬಹುದು ಎಂದು ಯಾರೋ ಹೇಳಿದರು ನೋಡಿ, ಅಲ್ಲಿಂದ ಆಕೆ ಒಂದು ಕಡೆ ಕೂರುವುದನ್ನೇ ಬಿಟ್ಟಳು. ಇಂಥವರಿಗೆ ಡಿಜಿಟಲ್ ಅಲೆಮಾರಿ ಅನ್ನುತ್ತಾರೆಂದು ತಿಳಿದ ಮೇಲಂತೂ ಡಾಕ್ಟರೇಟ್ ಸಿಕ್ಕವರ ಹಾಗೆ ಓಡಾಡಿದಳು. ಒಂದು ವಾರ ಕುಡಚಡೆ ಸ್ಟೇಷನ್ನಿನ ಕಲ್ಲುಬೆಂಚು, ಇನ್ನೊಂದು ವಾರ ಸಾಂಗೆ ಬಸ್‌ಸ್ಟ್ಯಾಂಡಿನ ಚಹಾದಂಗಡಿ. ಆಮೇಲೆ ವಾಳಪೈಯಲ್ಲಿ ನೆಂಟರ ಮನೆ. ಅಲ್ಲಿ ನೆಟ್‌ವರ್ಕ್ ಸಿಗುತ್ತಿದ್ದುದು ಕೋಳಿಗೂಡಿನ ಪಕ್ಕ ಮಾತ್ರ. ಒಮ್ಮೆ ಗಿರಾಕಿಯೊಬ್ಬಳು ಬರೆಯುವುದು ಬಿಟ್ಟು ನೇರವಾಗಿ ಫೋನೇ ಮಾಡಿದಳಂತೆ. ಹಿಂದಿನಿಂದ ಹುಂಜ ಕೂಗಿತು. ಅದೇನು ಸದ್ದು ಎಂದು ಆಕೆ ಕೇಳಿದ್ದಕ್ಕೆ ಚಿಗವ್ವ ಕೊಂಚವೂ ತಡವರಿಸದೆ, ಅದು ನಮ್ಮ ಹೊಸ ಅಲಾರಂ, ಗಾದಿಯ ಜೊತೆ ಪುಕ್ಕಟೆ ಅಂದುಬಿಟ್ಟಳಂತೆ. ಮೂರು ದಿನ ಬಿಟ್ಟು ಆ ಹೆಂಗಸು, ಅಲಾರಂ ಇನ್ನೂ ಬಂದಿಲ್ಲವೆಂದು ದೂರು ಬರೆದಳು!

ಹೀಗಿರುವಾಗ ಒಂದು ಬೆಳಿಗ್ಗೆ ಚಿಗವ್ವ ಚಹಾ ಕುಡಿಯುತ್ತ ಪನಾಮಾಕ್ಕ ಹೊಂಟೇನಿ ಅಂದಳು. ಅವ್ವ ಒಲೆಯ ಮುಂದಿದ್ದಳು. ಆಕೆಯ ಕಿವಿಗೆ ಪಣಜಿ ಅಂತ ಬಿತ್ತು. ಬರುವಾಗ ಮಾರ್ಕೆಟ್ಟಿನಿಂದ ಉಳ್ಳಾಗಡ್ಡಿ ತಗೊಂಡು ಬಾ ಅಂದಳು. ಚಿಗವ್ವ ಆಗಲಿ ಅಂದಳು. ವೀಸಾ ಗೀಸಾ ಎಲ್ಲ ಗುಟ್ಟಾಗಿ ಮುಗಿದಿತ್ತು. ಉಳ್ಳಾಗಡ್ಡಿಗೆ ಕಾಯುತ್ತಿದ್ದ ಅವ್ವನಿಗೆ ಎರಡು ದಿನದ ಮೇಲೆ ಪನಾಮಾ ದೇಶದ ರಾಜಧಾನಿಯಿಂದ ಫೋನ್ ಬಂತು. ಅವ್ವನ ಪಾಲಿಗೆ ರಾಜಧಾನಿ ಎಂದರೆ ಒಂದೇ, ಬಸ್ಸು ಹೋಗುವ ರಾಜಧಾನಿ. ವಿಮಾನ ಎರಡು ಸಲ ಬದಲಿಸಿ ಹೋಗುವ ರಾಜಧಾನಿಯೂ ಇರುತ್ತದೆಂದು ಆಕೆಗೆ ಹೇಗೆ ಗೊತ್ತಾಗಬೇಕು?

ಅಲ್ಲಿ ಎಲ್ಲರದೂ ಸ್ಪ್ಯಾನಿಷ್. ಚಿಗವ್ವನ ಬಾಡಿಗೆ ಮನೆಯಲ್ಲಿ ಷವರ್ ಇತ್ತು, ಬಾಲ್ದಿ ಇರಲಿಲ್ಲ. ಬಾಲ್ದಿ ಇಲ್ಲದೆ ಸ್ನಾನ ಮಾಡಿದರೆ ಅದು ಸ್ನಾನವೇ? ಅಂಗಡಿಗೆ ಹೋಗಿ ಕೈಬಾಯಿ ತಿರುಗಿಸಿ ತೋರಿಸಿದಳು. ಅಂಗಡಿಯವನು ಛತ್ರಿ ಕೊಟ್ಟ, ಟೊಪ್ಪಿಗೆ ಕೊಟ್ಟ, ಕೊನೆಗೆ ಒಂದು ಬೋಗುಣಿ ತಂದಿಟ್ಟ. ಚಿಗವ್ವನ ತಾಳ್ಮೆ ತೀರಿ, ಒಂದು ಬಾಲ್ದಿ ಕೊಡೋ ನಮ್ಮಪ್ಪಾ ಎಂದು ಕನ್ನಡದಲ್ಲೇ ಗೊಣಗಿದಳು. ಅವನ ಮುಖ ಅರಳಿತು. "ಬಾಲ್ದೆ?" ಎಂದವನೇ ಒಳಗಿನಿಂದ ಕೆಂಪು ಬಾಲ್ದಿ ತಂದ! ಅವತ್ತಿನಿಂದ ಆಕೆಗೆ ಧೈರ್ಯ ಬಂತು. ಮೇಜು ಅಂದರೆ ಮೇಸಾ. ಮೇಸ್ತ್ರಿ ಅಂದರೆ ಮಾಯೆಸ್ತ್ರೊ. ದುಡ್ಡು ಕೊಡುವುದಕ್ಕೆ ಪಗಾರ್ ಅನ್ನುವ ಅವರಿಗೆ ಪಗಾರ ಎನ್ನುವುದಂತೂ ಹೇಳಿದ ತಕ್ಷಣ ತಿಳಿಯುತ್ತದೆ. ಹಿಂದೆ ಪೋರ್ತುಗೀಸರು ನಮ್ಮ ಕಡೆ ಬಿಟ್ಟುಹೋದ ಮಾತುಗಳು ಅವರ ನೆರೆಯವರ ಭಾಷೆಯಲ್ಲಿ ಆಕೆಯ ಉಪಯೋಗಕ್ಕೆ ಬಂದವು. ಸ್ಪ್ಯಾನಿಷ್ ಅರ್ಧ ನಮ್ಮ ಮನೆಯದೇ ಎಂದು ಫೋನಿನಲ್ಲಿ ಕೊಚ್ಚಿಕೊಂಡಳು.

ಇನ್ನರ್ಧ ಕೈಕೊಟ್ಟದ್ದು ಮರುದಿನ. ಎದುರುಮನೆಯ ಅಜ್ಜಿಯೇ ಆಕೆಯ ಮನೆಯ ಒಡತಿ. ಮಧ್ಯಾಹ್ನ ಬಂದು ಕೂತು ಮಾತು ತೆಗೆದಳು. ಗಿರಾಕಿಗಳು ಕಾಯುತ್ತಿದ್ದರು. ಚಿಗವ್ವ ತನ್ನ ಗೋವಾದ ಕೊಂಕಣಿಯನ್ನು ನಂಬಿ ಕಾಮಾ, ಕಾಮಾ ಅಂದಳು, ಕೆಲಸವಿದೆ ಎಂಬ ಅರ್ಥದಲ್ಲಿ. ಅಜ್ಜಿ ಅಯ್ಯೋ ಪಾಪ ಎಂಬಂತೆ ನೋಡಿ, ಲ್ಯಾಪ್‌ಟಾಪ್ ಮುಚ್ಚಿ, ಕೈಹಿಡಿದು ಒಳಗೆ ಕರೆದೊಯ್ದು ಮಂಚದ ಮೇಲೆ ಮಲಗಿಸಿ, ಪರದೆ ಎಳೆದು ಹೋದಳು. ಕಾಮಾ ಅಂದರೆ ಅಲ್ಲಿ ಮಂಚ!

ಆದರೆ ಇದೆಲ್ಲ ಕೇಳಿ ನಗುತ್ತಿದ್ದವಳು ನಾನೊಬ್ಬಳೇ. ಚಿಗವ್ವ ಮಹಡಿಯ ಬಾಲ್ಕನಿಯಿಂದ ವಿಡಿಯೋದಲ್ಲಿ ಸಮುದ್ರ, ಸಾಲುಹಚ್ಚಿದ ಹಡಗು, ತೆಂಗು, ಮಾವು ತೋರಿಸಿದರೆ, ಇಷ್ಟು ನೋಡಲು ಇಲ್ಲೇ ವಾಸ್ಕೋ ಬಂದರಕ್ಕ ಹೋಗಿದ್ದರೆ ಸಾಕಿತ್ತು ಅನ್ನುತ್ತಿದ್ದಳು ಅವ್ವ. ಒಂದು ದಿನ ಮಾತು ಅಲ್ಲಿಗೇ ನಿಲ್ಲಲಿಲ್ಲ. ನಮ್ಮ ಅಜ್ಜ ಅಜ್ಜಿ ವಿಜಯಪುರದ ಕಡೆಯಿಂದ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಬಂದವರು. ಕಟ್ಟಡ ಏಳುವವರೆಗೆ ಅದರ ಬುಡದಲ್ಲಿ ತಗಡಿನ ಶೆಡ್ಡು. ಮುಗಿದರೆ ಶೆಡ್ಡು ಕಿತ್ತು ಇನ್ನೊಂದು ಊರು. ಅವ್ವ ಹಾಗೆ ಬೆಳೆದವಳು. ಮದುವೆಯಾಗಿ ಕುಡಚಡೆಗೆ ಬಂದ ಮೇಲೆ ಒಂದು ರಾತ್ರಿಯೂ ಸ್ವಂತ ಮನೆ ಬಿಟ್ಟು ಮಲಗಿದವಳಲ್ಲ.

"ತಗಡಾ ಹೊತ್ಕೊಂಡು ತಿರುಗಿದ್ದು ಸಾಲಲಿಲ್ಲೇನ ನಿನಗ?" ಅಂದಳು ಅವ್ವ.

"ನಿನಗ ಸಾಕಾಗೇತಿ ಅಕ್ಕಾ. ಆಗ ನಾ ಭಾಳ ಸಣ್ಣಾಕಿ. ನನಗೇನೂ ನೆನಪಿಲ್ಲ" ಅಂದಳು ಚಿಗವ್ವ.

ಅವ್ವ ಫೋನ್ ನನ್ನ ಕೈಗೆ ಕೊಟ್ಟು ಎದ್ದುಹೋದಳು. ಆಮೇಲೆ ತಂಗಿಯ ಹೆಸರೆತ್ತಿದರೆ ಪಾತ್ರೆಗಳ ಸದ್ದು ಜೋರಾಗುತ್ತಿತ್ತು, ಅಷ್ಟೇ.

ಮಳೆಗಾಲ ಮುಗಿದ ಮೇಲೆ ಚಿಗವ್ವ ವಾಪಸ್ಸು ಬಂದಳು. ಕುಡಚಡೆಗಲ್ಲ, ಮಡಗಾಂವಿಗೆ! ಅಲ್ಲಿ ಒಂದು ತಿಂಗಳಿಗೆ ಫ್ಲ್ಯಾಟ್ ಹಿಡಿದಿದ್ದಳು. ಅಕ್ಕನ ಮನೆ ಇಷ್ಟು ಹತ್ತಿರ ಇಟ್ಟುಕೊಂಡು ಬಾಡಿಗೆ ಮನೆಯೇ? ಅವ್ವನ ಮುಖ ನೋಡುವಂತಿರಲಿಲ್ಲ. ಬೈಯಲಿಕ್ಕಾದರೂ ಬಾ ಎಂದು ಒಂದು ಭಾನುವಾರ ನಾನೇ ಹೊರಡಿಸಿದೆ.

ಹಳೆಯ ನಾಲ್ಕು ಮಹಡಿ, ಬಣ್ಣ ಹೋದ ಗೋಡೆ, ಎದುರಿಗೆ ಕ್ರೈಸ್ತರ ಇಗರ್ಜಿ. ಪನಾಮಾದಿಂದ ಬಂದವಳಿಗೆ ಇದಕ್ಕಿಂತ ಚಲೋದು ಸಿಗಲಿಲ್ಲವೇ ಅಂದುಕೊಂಡೆ. ಗೇಟಿನ ಹತ್ತಿರ ಅವ್ವ ನಿಂತುಬಿಟ್ಟಳು. ಒಮ್ಮೆ ಇಗರ್ಜಿ ನೋಡಿದಳು, ಒಮ್ಮೆ ಕಟ್ಟಡ. ಲಿಫ್ಟ್ ಬೇಡವೆಂದಳು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಎರಡನೆಯ ಮಹಡಿಯ ತಿರುವಿನಲ್ಲಿ ಗೋಡೆಗೆ ಅಂಗೈ ಇಟ್ಟಳು.

"ಈ ಕಟ್ಟಡ ಏಳೂ ಮುಂದ ಇಲ್ಲೆ ನಿನ್ನ ಚಿಗವ್ವನ ಜೋಳಗಿ ಕಟ್ಟಿದ್ವಿ. ನಮ್ಮವ್ವನ ಸೀರಿಯೊಳಗ. ಅವ್ವ ಸಿಮೆಂಟ್ ಮಾಲು ಹೊತ್ತು ಮ್ಯಾಲ ಹೋಗಿ ಬರೂತನಾ ನಾ ತೂಗೂದು."

ಬಾಗಿಲು ತೆರೆದವಳು ಚಿಗವ್ವ. ಅಕ್ಕನ ಮುಖ ನೋಡಿಯೇ ಆಕೆಗೆ ತಿಳಿಯಿತು.

"ಇದ ಹೌದಲ್ಲಕ್ಕಾ? ಎದುರಿಗೆ ಇಗರ್ಜಿ ಇತ್ತಂತ ಅವ್ವ ಹೇಳ್ತಿದ್ಲು. ಹುಡುಕಿ ಹಿಡಿದೇನಿ. ಖರೇ ಹೌದೋ ಅಲ್ಲೋ ನಿನ್ನ ಬಿಟ್ಟರ ಯಾರಿಗೆ ಕೇಳ್ಲಿ?"

ಬೈಯಲು ಬಂದ ಅವ್ವ ಬಾಲ್ಕನಿಗೆ ಹೋಗಿ ನೆಲದ ಮೇಲೆ ಕೂತಳು. ಹಾರುವ ಸೆರಗನ್ನು ಹಿಡಿದುಕೊಂಡು ಹೇಳಿದಳು: "ಎಷ್ಟ ಗಾಳಿ ಬರ್ತೈತಿ ಇಲ್ಲಿ. ನಮ್ಮವ್ವ ಒಂದಿನಾನೂ ಇಲ್ಲಿ ಕುಂತಿರಲಿಕ್ಕಿಲ್ಲ."

ಚಿಗವ್ವ ಲ್ಯಾಪ್‌ಟಾಪ್ ಮುಚ್ಚಿ ಬಂದು ಪಕ್ಕದಲ್ಲಿ ಕೂತಳು. ಬಸ್ಸಿನ ಹೊತ್ತಾಯಿತು ಎಂದು ನಾನು ನೆನಪಿಸಿದೆ.

"ನೀ ಹೋಗು. ನಾ ಎರಡ ದಿನ ಇದ್ದು ಬರ್ತೇನಿ" ಅಂದಳು ಅವ್ವ.

ಕೆಳಗಿಳಿದು ತಲೆಯೆತ್ತಿ ನೋಡಿದೆ. ಬಾಲ್ಕನಿಯಲ್ಲಿ ಅವ್ವ ತಂಗಿಯ ಜಡೆ ಬಿಚ್ಚಿ, ಬೆರಳಿನಿಂದ ಸಿಕ್ಕು ಬಿಡಿಸುತ್ತಿದ್ದಳು.