ಹಲ್ಲಿಲ್ಲದ ಮೀನು ಮತ್ತು ನಮ್ಮತ್ತೆಯ ದವಡೆ

ನಾನು ದಂತವೈದ್ಯ. ಇಪ್ಪತ್ತೆರಡು ವರ್ಷಗಳಲ್ಲಿ ಈ ಊರಿನ ಅರ್ಧ ಜನರ ಬಾಯೊಳಗೆ ಇಣುಕಿದ್ದೇನೆ. ಯಾರ ಹಲ್ಲು ಸ್ವಂತದ್ದು, ಯಾರದು ಕಟ್ಟಿಸಿದ್ದು, ಯಾರು ಬ್ರಷ್ಷನ್ನೇ ಮುಟ್ಟದೆ ಬಂದು ಎರಡು ಸಲ ಉಜ್ಜಿದೆ ಎಂದು ರೈಲು ಬಿಡುತ್ತಾರೆ, ಎಲ್ಲವೂ ಗೊತ್ತು. ಹಲ್ಲಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವನು ಇನ್ನೂ ಹುಟ್ಟಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಹೇಳುತ್ತಿದ್ದೆ ಎಂದೆ, ಗಮನಿಸಿ.

ಇಂಥ ನನ್ನ ಕೈಗೆ ಸಿಗದ ಬಾಯಿ ಒಂದೇ ಒಂದು. ಅದು ನಮ್ಮತ್ತೆಯದು. ಅವರೇನು ದೂರದೂರಿನಲ್ಲಿದ್ದಾರೆಯೇ? ಇಲ್ಲ ಸ್ವಾಮಿ, ನಮ್ಮ ಜೊತೆಯಲ್ಲೇ ಇದ್ದಾರೆ. ಕೆಳಗೆ ಕ್ಲಿನಿಕ್ಕು, ಮೇಲೆ ಮನೆ, ಮಧ್ಯೆ ಹದಿನಾರು ಮೆಟ್ಟಿಲು. ಆ ಹದಿನಾರು ಮೆಟ್ಟಿಲು ಇಳಿದು ನನ್ನ ಕುರ್ಚಿಯಲ್ಲಿ ಕೂರಲು ಅವರು ಈವರೆಗೆ ಒಪ್ಪಿಲ್ಲ. ಎರಡು ತಿಂಗಳಿಂದ ಬಲಗಡೆಯ ದವಡೆ ನೋವು. ಎಡಗಡೆಯಲ್ಲೇ ಅಗಿಯುತ್ತಾರೆ, ಲವಂಗ ಕಚ್ಚಿಕೊಂಡು ಮಲಗುತ್ತಾರೆ. ಊಟಕ್ಕೆ ನನ್ನೆದುರು ಕೂತರೆ ಬಾಯಿಗೆ ಕೈ ಅಡ್ಡ ಹಿಡಿದುಕೊಳ್ಳುತ್ತಾರೆ, ನಾನೇನೋ ಊಟದ ಮಧ್ಯೆಯೇ ಹಲ್ಲು ಕಿತ್ತುಬಿಡುತ್ತೇನೆ ಎಂಬಂತೆ! ಅವರ ಊದಿದ ಕೆನ್ನೆ ನೋಡಿದರೆ ಕರುಳು ಚುರುಕ್ಕೆನ್ನುತ್ತದೆ. ಮರುಕ್ಷಣವೇ ಸಿಟ್ಟು ನೆತ್ತಿಗೇರುತ್ತದೆ. ಊರೆಲ್ಲ ನನ್ನ ಮುಂದೆ ಬಾಯಿ ತೆರೆಯುತ್ತದೆ, ಸ್ವಂತ ಅತ್ತೆ ತೆರೆಯುವುದಿಲ್ಲ ಎಂದರೆ ನಾನು ಮುಖ ಎಲ್ಲಿಡಲಿ?

ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ರೋಗಿಗಳ ಹೆಸರು ಬರೆದುಕೊಳ್ಳುವವಳು ನನ್ನ ಹೆಂಡತಿ. ಅವಳು ಅಮ್ಮನ ಬಳಿ ಸಂಧಾನ ನಡೆಸಿ ಕೊನೆಗೂ ಒಂದು ಷರತ್ತು ಹೊತ್ತು ತಂದಳು. ಕಾಯುವ ಕೋಣೆಯ ಗೋಡೆ ಮೇಲಿರುವ ಹುಳುಕು ಹಲ್ಲಿನ ಪಟಗಳನ್ನು ತೆಗೆಯಬೇಕು. ಕಣ್ಣಿಗೆ ತಂಪಾಗಿ ಏನಾದರೂ ಹಸಿರು ಇರಬೇಕು. ಅದೂ ಜೀವವಿರುವ ಹಸಿರು, ಪ್ಲಾಸ್ಟಿಕ್ಕಲ್ಲ. ಅದನ್ನು ನೋಡುತ್ತ ಕೂತು ಮನಸ್ಸು ತಿಳಿಯಾದರೆ ಮುಂದಿನ ಗುರುವಾರ ಬಂದು ಬಾಯಿ ತೆರೆಯುತ್ತಾರಂತೆ.

ನಮ್ಮ ಕಾಯುವ ಕೋಣೆಗೆ ಕಿಟಕಿ ಇಲ್ಲ. ಕುಂಡದ ಗಿಡಗಳು ಅಲ್ಲಿ ಎರಡು ಸಲ ಸತ್ತಿವೆ. ಹಾಗಾಗಿ ನಾನು ಆ ಕ್ಷಣವೇ ಘೋಷಿಸಿದೆ, ಮೀನಿನ ತೊಟ್ಟಿ! ದೀಪವಿರುವ ಗಾಜಿನ ತೊಟ್ಟಿ, ಒಳಗೆ ನಿಜವಾದ ಗಿಡಗಳ ಕಾಡು, ಕಾಡಿನ ನಡುವೆ ರಾಜಕುಮಾರಿಯರಂತೆ ಸುಳಿದಾಡುವ ಗೋಲ್ಡ್ ಫಿಶ್. ಅತ್ತೆ ನೋಡುತ್ತ ನೋಡುತ್ತ ಮೈಮರೆತು ತಾವಾಗಿಯೇ ಬಾಯಿ ತೆರೆದುಬಿಡಬೇಕು.

"ಮೀನು ಗಿಡ ತಿನ್ನಲ್ವಾ ರೀ? ಯಾರನ್ನಾದ್ರೂ ಕೇಳಿ ತನ್ನಿ" ಎಂದಳು ಹೆಂಡತಿ. ನಾನು ನಕ್ಕುಬಿಟ್ಟೆ.

ಮೂರು ಬೀದಿ ಆಚೆ ಸಾಕುವ ಮೀನುಗಳ ಅಂಗಡಿ ಇದೆ. ಅದರ ಮಾಲೀಕರಿಗೆ ನಾನು ಮನಸ್ಸಿನಲ್ಲೇ ನಿಧಾನಪ್ಪ ಎಂದು ಹೆಸರಿಟ್ಟಿದ್ದೇನೆ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಅವರು ಒಂದು ತೊಟ್ಟಿ ತೊಳೆದು ಮುಗಿಸುತ್ತಾರೆ. ನಾನು ನಾಲ್ಕು ದಪ್ಪ ಗೋಲ್ಡ್ ಫಿಶ್ ಆರಿಸಿ, ಗಿಡಗಳ ತೊಟ್ಟಿಯತ್ತ ಹೋಗಿ, ನವಿರು ನವಿರಾದ, ಗರಿಯಂಥ ಎಳೆಗಳ ಒಂದು ಗಿಡ ತೋರಿಸಿದೆ. ಅವರು ಬೇಡ ಎಂದರು. ಮೂಲೆಯಿಂದ ಎರಡು ಗಿಡ ತಂದು ಮುಂದಿಟ್ಟರು. ಅಬ್ಬಾ, ಏನು ಸೌಂದರ್ಯ! ಚಪ್ಪಲಿಯ ಅಟ್ಟೆಯಂಥ ದಪ್ಪ ಎಲೆ, ಕಪ್ಪು ಹಸಿರು ಬಣ್ಣ, ತಿಂಗಳಿಗೊಂದು ಚಿಗುರಂತೆ. ಒಂದರ ಹೆಸರು ಅನುಬಿಯಾಸ್, ಇನ್ನೊಂದು ಜಾವಾ ಫರ್ನ್. ಈ ಮೀನಿನ ಜೊತೆ ಉಳಿಯುವುದು ಇವೆರಡೇ, ಎಲೆ ಗಟ್ಟಿ, ರುಚಿ ಕಹಿ, ಮಿಕ್ಕಿದ್ದನ್ನೆಲ್ಲ ಮೇಯ್ದುಬಿಡುತ್ತವೆ ಎಂದರು.

ನನ್ನ ವೃತ್ತಿಗೌರವ ಕೆರಳಿತು. ಮೇಯುವುದಕ್ಕೆ ಹಲ್ಲು ಬೇಡವೇ? ಅಲ್ಲೇ ಬಲೆಯಲ್ಲಿ ಒಂದು ಮೀನು ಹಿಡಿಸಿ, ಅಂಗೈ ಒದ್ದೆ ಮಾಡಿಕೊಂಡು, ಜೇಬಿನ ಬ್ಯಾಟರಿ ಹಾಕಿ, ಬಟಾಣಿ ಗಾತ್ರದ ಆ ಬಾಯಿಯನ್ನು ಶಾಸ್ತ್ರೋಕ್ತವಾಗಿ ಪರೀಕ್ಷಿಸಿದೆ. ಮೇಲೆ ಇಲ್ಲ, ಕೆಳಗೆ ಇಲ್ಲ. ಬರೀ ಒಸಡು.

"ನೋಡಿ, ಇದಕ್ಕೆ ಒಂದೇ ಒಂದು ಹಲ್ಲಿಲ್ಲ" ಎಂದೆ. "ಹಲ್ಲಿನ ಪಾಠ ನನಗೆ ಹೇಳ್ಬೇಡಿ."

ನಿಧಾನಪ್ಪ ಏನೋ ಹೇಳಲು ಬಾಯಿ ತೆರೆದರು. ಅವರ ಮಾತು ಹೊರಬರುವಷ್ಟರಲ್ಲಿ ನಾನು ಗರಿಗಿಡಗಳ ಆರು ಕಟ್ಟು ಹಿಡಿದು ರಸ್ತೆ ದಾಟಿದ್ದೆ.

ಶುಕ್ರವಾರ ಸಂಜೆ ಗಿಡ ನೆಟ್ಟೆ. ಶನಿವಾರ ಬೆಳಿಗ್ಗೆ ನೋಡಿದರೆ ಆರು ಕಟ್ಟುಗಳ ಜಾಗದಲ್ಲಿ ಆರು ಕಡ್ಡಿಗಳು! ನಾಲ್ಕೂ ಮೀನುಗಳು ಗಾಜಿನ ಹತ್ತಿರ ಬಂದು, ಇನ್ನೇನಿದೆ ಎಂದು ಕೇಳುವಂತೆ ಬಾಯಿ ಆಡಿಸುತ್ತಿದ್ದವು. ಹೆಂಡತಿ ಆ ಕಡ್ಡಿಗಳನ್ನು ಒಂದೊಂದಾಗಿ ಎಣಿಸಿದಳು.

ಪಾಪ, ಹಸಿವಿರಬೇಕು ಎಂದುಕೊಂಡು ಮೀನಿಗೆ ಕಾಳು ಎರಡು ಪಟ್ಟು ಹಾಕಿ, ರಿಬ್ಬನ್ನಿನಂತೆ ಉದ್ದುದ್ದ ಎಲೆಗಳ, ಒಳ್ಳೆ ಬೇರಿರುವ ಗಿಡವನ್ನು ಪೇಟೆಯ ಬೇರೊಂದು ಅಂಗಡಿಯಿಂದ ತಂದೆ. ಕಾಳನ್ನೂ ತಿಂದವು, ಗಿಡದ ಮೇಲೂ ಬಿದ್ದವು. ಈ ಸಲ ಎಲೆ ತಿನ್ನುವ ತಾಳ್ಮೆಯೂ ಇಲ್ಲ, ನೇರ ಬುಡಕ್ಕೇ ಬಾಯಿ ಹಾಕಿ, ಮರಳು ಕೆದರಿ, ಹಿಂದೆ ಸರಿದು ಜಗ್ಗಿ ಬೇರುಸಹಿತ ಕಿತ್ತು ಹಾಕತೊಡಗಿದವು. ಎಲ್ಲಿ? ಹಲ್ಲು ಕೀಳಿಸಿಕೊಳ್ಳಲು ಬಂದವರ ಕಣ್ಣೆದುರಿಗೆ! ಸೋಮವಾರ ಬೆಳಿಗ್ಗೆ ಕೂತಿದ್ದ ದರ್ಜಿಯೊಬ್ಬರು ಒಂದು ಗಿಡ ಅಲ್ಲಾಡುವುದನ್ನು ನೋಡಿದರು, ಬೇರು ಮೇಲೇಳುವುದನ್ನು ನೋಡಿದರು, ಬುಡದಲ್ಲಿ ಉಳಿದ ಗುಂಡಿ ನೋಡಿದರು. ಆಮೇಲೆ ದವಡೆ ಹಿಡಿದುಕೊಂಡು ಎದ್ದು, ಬಟ್ಟೆ ಮೇಲೆ ಇಸ್ತ್ರಿಪೆಟ್ಟಿಗೆ ಬಿಟ್ಟು ಬಂದಿದ್ದೇನೆ ಎಂದು ಹೊರಟೇ ಹೋದರು. ಅವರ ಹಿಂದೆ ಇನ್ನಿಬ್ಬರು.

ಹೀಗೆ ಗಾಬರಿಯಾಗದೆ ಕೂತವರೆಂದರೆ ಬಸ್ ಕಂಡಕ್ಟರ್ ಒಬ್ಬರೇ. ರೂಟ್ ಕೆನಾಲ್‌ಗೆ ಬರುತ್ತಿದ್ದ ಅವರು ತಮ್ಮ ಸರದಿಗೆ ಒಂದು ಗಂಟೆ ಮೊದಲೇ ಬಂದು, ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು, ಒಳಗಿದ್ದ ನನಗೆ ಅಲ್ಲಿಂದಲೇ ವರದಿ ಒಪ್ಪಿಸುತ್ತಿದ್ದರು. ಎಡಗಡೆಯದು ಹೋಯಿತು, ಮಧ್ಯದ್ದು ಅಲ್ಲಾಡುತ್ತಿದೆ, ದಪ್ಪ ಮೀನು ಸುಸ್ತಾಯಿತು, ಸಣ್ಣದು ಮುಂದುವರಿಸಿದೆ. ಇದನ್ನು ಕೇಳಿಸಿಕೊಳ್ಳುತ್ತ ನಾನು ಇನ್ನೊಬ್ಬರ ಬಾಯೊಳಗೆ ಕೊರೆಯಬೇಕು.

ಮಂಗಳವಾರ ನೀರಿನ ಮೇಲೆ ತೇಲುವ ಪುಟ್ಟ ಎಲೆಗಳನ್ನು ತಂದು ಸುರಿದೆ. ಮರಳಲ್ಲಿ ಬೇರೇ ಇಲ್ಲದಿದ್ದರೆ ಏನು ಕೀಳುತ್ತೀರಿ, ಕೀಳಿ ನೋಡೋಣ ಎಂದು ಮೀನುಗಳಿಗೆ ಸವಾಲು ಹಾಕಿದೆ. ಊಟ ಮುಗಿಸಿ ಬರುವಷ್ಟರಲ್ಲಿ ನೀರು ಕನ್ನಡಿಯಂತೆ ಸ್ವಚ್ಛ. ನನಗೆ ಅಳು ಬರುವುದೊಂದು ಬಾಕಿ. ಅನ್ನ ಹಾಕಿದ ಮನೆಗೆ ಈ ದ್ರೋಹವೇ? ಹಲ್ಲೇ ಇಲ್ಲದ ಪ್ರಾಣಿಗೆ ಇಷ್ಟು ಸೊಕ್ಕೇ? ಮಹಡಿ ಮೇಲೆ ಅತ್ತೆಯ ಕೆನ್ನೆ ಇನ್ನಷ್ಟು ಊದಿತ್ತು. ಅನ್ನವನ್ನೂ ಹಾಲಿನಲ್ಲಿ ಕಿವುಚಿಕೊಂಡು ಕುಡಿಯುತ್ತಿದ್ದರು. ಗುರುವಾರಕ್ಕೆ ಎರಡೇ ದಿನ.

"ಅಮ್ಮ ನಿನ್ನೆ ಕೇಳ್ತಿದ್ರು, ಹಸಿರು ಬಂತಾ ಅಂತ" ಎಂದಳು ಹೆಂಡತಿ. "ಬಂದು ಹೋಯ್ತು ಅಂದೆ."

ಬೇರೆ ದಾರಿ ಇರಲಿಲ್ಲ. ಬುಸುಗುಡುತ್ತಲೇ ನಿಧಾನಪ್ಪನವರ ಅಂಗಡಿಗೆ ನುಗ್ಗಿ, ನೀವು ಕೊಟ್ಟ ಮೀನಿನಲ್ಲಿ ದೋಷವಿದೆ ಎಂದು ಕೂಗಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಒಂದು ತೊಟ್ಟಿ ತೊಳೆದರು. ಕೈ ಒರೆಸಿಕೊಂಡು ಒಂದು ಪುಟ್ಟ ಡಬ್ಬಿ ತಂದು ನನ್ನ ಅಂಗೈಗೆ ಏನೋ ಒಂದು ಚೂರು ಹಾಕಿದರು. ಮರಳು ಸೋಸುವಾಗ ಸಿಕ್ಕಿದ್ದಂತೆ.

"ಹಲ್ಲಿದೆ ಡಾಕ್ಟ್ರೇ. ಬಾಯಲ್ಲಲ್ಲ, ಗಂಟಲಲ್ಲಿ. ಅವತ್ತೇ ಹೇಳೋಣ ಅಂತಿದ್ದೆ, ನೀವು ಹೊರಟುಬಿಟ್ರಿ."

ನಾನು ಭೂತಗನ್ನಡಿ ಕೇಳಿ ಪಡೆದು ನೋಡಿದೆ. ಅಯ್ಯೋ ದೇವರೇ, ಸಾಕ್ಷಾತ್ ದವಡೆ ಹಲ್ಲು! ಅಗಿಯಲು ಹೇಳಿ ಮಾಡಿಸಿದಂಥ ತಲೆ, ಅದರ ಮೇಲೆ ಸವೆದ ಗುರುತು. ಪ್ರತಿದಿನ ಹತ್ತು ಬಾರಿ ನೋಡುವ ವಸ್ತು, ಗುರುತು ಸಿಗಲಿಲ್ಲ ಎನ್ನುವಂತಿರಲಿಲ್ಲ. ತಲೆ ತಗ್ಗಿಸಿ ಆ ಎರಡು ಜಾತಿಯ ಚಪ್ಪಲಿ ಅಟ್ಟೆಗಳನ್ನೇ ಕೊಡಿ ಎಂದೆ. ಬೇರು ಹೊರಡುವ ಗಡ್ಡೆಯನ್ನು ಮರಳಿನಲ್ಲಿ ಹೂಳಬೇಡಿ, ಕೊಳೆಯುತ್ತದೆ, ಕಲ್ಲಿಗೆ ದಾರದಲ್ಲಿ ಕಟ್ಟಿ ಎಂದರು. ಈ ಸಲ ಅವರ ವಾಕ್ಯ ಮುಗಿಯುವವರೆಗೂ ನಿಂತಿದ್ದೆ.

ಒಸಡಿಗೆ ಹೊಲಿಗೆ ಹಾಕುವ ದಾರದಲ್ಲಿ, ಹೊಲಿಗೆಗೆ ಹಾಕುವ ಗಂಟನ್ನೇ ಹಾಕಿ ಹನ್ನೊಂದು ಗಿಡಗಳನ್ನು ಕಲ್ಲುಗಳಿಗೆ ಬಿಗಿದೆ. ನೀರಿಗಿಳಿಸಿದೆ. ದಪ್ಪ ಮೀನು ಬಂದಿತು, ಒಂದೆಲೆ ಬಾಯಿಗೆ ಹಾಕಿಕೊಂಡಿತು, ಮುಖ ಸಿಂಡರಿಸಿತು, ಉಗುಳಿತು. ಇನ್ನೊಂದು ಬಂದು ಜಗ್ಗಿತು. ಕಲ್ಲು ಕದಲಲಿಲ್ಲ. ನಾನು ಕುಣಿದಾಡಿದ್ದನ್ನು ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳಂತೆ.

ಗುರುವಾರ ಹತ್ತು ಗಂಟೆಗೆ ಅತ್ತೆ ಹದಿನಾರು ಮೆಟ್ಟಿಲು ಇಳಿದು ಬಂದರು. ತೊಟ್ಟಿಯ ಮುಂದೆ ಕೂತರು. ದಟ್ಟ ಹಸಿರು, ಅದರ ನಡುವೆ ಕಿತ್ತಳೆ ಬಣ್ಣದ ಮೀನು. ಒಳಗೆ ಒಬ್ಬರ ಹಲ್ಲು ತುಂಬುತ್ತಿದ್ದ ನನಗೆ ಅವರ ನಗು ಕೇಳಿಸಿತು. ಮೊದಲು ಸಣ್ಣ ನಗು, ಆಮೇಲೆ ದೊಡ್ಡ ನಗು. ಮೀನಿನ ಆಟಕ್ಕೆ ನಗುತ್ತಿದ್ದಾರೆ ಎಂದು ನನ್ನ ಎದೆ ಉಬ್ಬಿತು. ಪಕ್ಕದಲ್ಲಿ ಕಂಡಕ್ಟರ್ ಕೂತಿದ್ದಾರೆ, ವಾರದ ಕಥೆಯನ್ನೆಲ್ಲ, ನಾನೇ ಅವರ ಬಳಿ ಹೇಳಿಕೊಂಡಿದ್ದ ಗಂಟಲ ಹಲ್ಲಿನ ಸಂಗತಿಯನ್ನೂ ಸೇರಿಸಿ, ಒಂದು ಸ್ಟಾಪೂ ಬಿಡದಂತೆ ಹೇಳುತ್ತಿದ್ದಾರೆ ಎಂಬುದು ನನಗೆ ಹೇಗೆ ಗೊತ್ತಾಗಬೇಕು?

ಅತ್ತೆ ಒಳಗೆ ಬಂದರು. ತಾವಾಗಿಯೇ ಕುರ್ಚಿ ಏರಿದರು! ನಾನು ಕೈಗವಸು ಹಾಕಿಕೊಂಡು ಬಾಗಿದೆ. ಅವರು ಬಾಯಿಗೆ ಅಂಗೈ ಅಡ್ಡ ಇಟ್ಟರು.

"ಅಳಿಯಂದ್ರೇ, ಬೇಜಾರು ಮಾಡ್ಕೋಬೇಡಿ. ಅಷ್ಟು ಚಿಕ್ಕ ಬಾಯಲ್ಲಿ ಹಲ್ಲೆಲ್ಲಿದೆ ಅಂತ ನಿಮಗೆ ಸಿಗಲಿಲ್ವಂತೆ. ನಂದು ಇನ್ನೂ ದೊಡ್ಡ ಬಾಯಿ" ಎಂದರು. "ಆ ಮೀನಂಗಡಿಯವ್ರು ಬಿಡುವಾಗಿದ್ರೆ ಕರೀರಿ. ಯಾವ ಹಲ್ಲು ಅಂತ ಅವರು ಹೇಳ್ಲಿ, ನೀವು ಕೀಳಿ."

ನಾನು ಕುದಿದುಹೋದೆ. ನನ್ನ ಕ್ಲಿನಿಕ್ಕು, ನನ್ನ ಕುರ್ಚಿ, ಗೋಡೆಯ ಮೇಲೆ ಚೌಕಟ್ಟು ಹಾಕಿದ ನನ್ನ ಪದವಿ! ಹೆಂಡತಿ ತೋಳು ಹಿಡಿದು ಹೊರಗೆ ಎಳೆದಳು.

"ಹೋಗಿ ಕರ್ಕೊಂಡು ಬನ್ನಿ. ಇಷ್ಟು ವರ್ಷಕ್ಕೆ ಕೂತಿದ್ದಾರೆ. ಎದ್ದರೆ ಇನ್ನು ಕೂರಲ್ಲ. ಕೆನ್ನೆ ನೋಡಿದ್ರಾ?"

ನೋಡಿದ್ದೆ. ಬಿಳಿ ಕೋಟಿನಲ್ಲೇ ಮೂರು ಬೀದಿ ಓಡಿದೆ. ನಿಧಾನಪ್ಪ ಅಂಗಡಿಯ ಬಾಗಿಲು ಎಳೆದು, ಬೀಗ ಹಾಕಿ, ಬೀಗ ಜಗ್ಗಿ ನೋಡಿ, ನನ್ನ ಜೊತೆ ಬಂದರು. ಕೈ ತೊಳೆದು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಕುರ್ಚಿಯ ಪಕ್ಕ ನಿಂತರು. ಅವರನ್ನು ನೋಡಿದ್ದೇ ತಡ, ಅತ್ತೆ ಕಣ್ಣು ಗಟ್ಟಿಯಾಗಿ ಮುಚ್ಚಿ ಬಾಯಿ ಅಗಲವಾಗಿ ತೆರೆದರು. ಇಪ್ಪತ್ತೆರಡು ವರ್ಷ ಕಾದ ಬಾಯಿ! ನಾನು ಕಪ್ಪಾಗಿದ್ದ ಒಂದು ಹಲ್ಲನ್ನು ಕಡ್ಡಿಯಿಂದ ಮುಟ್ಟಿ, ಇದೇ ಎಂದೆ.

ನಿಧಾನಪ್ಪ ಬಗ್ಗಿ ನೋಡಿದರು. "ಇನ್ನೂ ಸ್ವಲ್ಪ ಒಳಗೆ ನೋಡಿ ಡಾಕ್ಟ್ರೇ."

ಎಕ್ಸ್‌ರೇ ತೆಗೆದೆ. ಹೇಗೂ ತೆಗೆಯುವವನೇ ಇದ್ದೆ, ದಯವಿಟ್ಟು ನಂಬಿ. ಕಪ್ಪು ಹಲ್ಲಿನದು ಬರೀ ಕಲೆ, ಒಳಗೆ ಏನೂ ಆಗಿರಲಿಲ್ಲ. ಅದರ ಹಿಂದೆ, ಒಸಡಿನೊಳಗೆ ಅರ್ಧ ಅಡಗಿ, ಅಡ್ಡಡ್ಡ ಮಲಗಿ ಕೀವು ತುಂಬಿಕೊಂಡಿದ್ದ ಕಡೆಯ ದವಡೆ ಹಲ್ಲೇ ಅಪರಾಧಿ. ಇಂಜೆಕ್ಷನ್ ಕೊಟ್ಟವನು ನಾನು. ಒಸಡು ಬಿಡಿಸಿದವನು ನಾನು. ಹಲ್ಲು ಕಿತ್ತವನು, ಹೊಲಿಗೆ ಹಾಕಿದವನು ನಾನು. ನಿಧಾನಪ್ಪ ಮಾಡಿದ್ದು ಇಷ್ಟೇ, ಅತ್ತೆಯ ಕೈ ಹಿಡಿದುಕೊಂಡು ನಿಧಾನವಾಗಿ, ಆಯ್ತು ಅಮ್ಮಾ, ಆಯ್ತು ಎನ್ನುತ್ತಿದ್ದರು. ಅತ್ತೆ ಕೊನೆಯವರೆಗೂ ಕಣ್ಣು ಬಿಡಲಿಲ್ಲ.

ಮೂರನೆಯ ದಿನಕ್ಕೆ ಕೆನ್ನೆ ಇಳಿಯಿತು. ನಾಲ್ಕನೆಯ ದಿನ ಎರಡೂ ಕಡೆಯಿಂದ ಅಗಿದು ಉಂಡರು. ನನ್ನ ಕಣ್ಣು ತುಂಬಿ ಬಂದದ್ದು ನಿಜ. ಐದನೆಯ ದಿನ ನಾನು ಕ್ಲಿನಿಕ್ಕಿನ ಬಾಗಿಲು ತೆಗೆಯುತ್ತಿದ್ದೆ. ಅತ್ತೆ ಮೇಲಿನ ಮೆಟ್ಟಿಲಲ್ಲಿ ನಿಂತು ಪಕ್ಕದ ಮನೆಯಾಕೆಗೆ ಹೇಳುತ್ತಿದ್ದರು.

"ಹಲ್ಲು ಕಿತ್ತಿದ್ದು ನಮ್ಮ ಮೀನಂಗಡಿಯವ್ರು ಕಣ್ರೀ. ಏನು ಹಗುರ ಕೈ ಅಂತೀರಿ, ಗೊತ್ತೇ ಆಗಲಿಲ್ಲ. ನಮ್ಮ ಅಳಿಯಂದ್ರೂ ಪಾಪ, ಪಕ್ಕದಲ್ಲೇ ನಿಂತು ಕಲ್ತುಕೊಂಡ್ರು."